ಹಿಡಿಕೆಯ ಜಾಗ: ಸ್ಟೀರಾಯ್ಡ್ ಹಾರ್ಮೋನುಗಳನ್ನು ಪ್ರತಿಕಾಯಗಳಿಂದ ಅಳೆದ ಚರಿತ್ರೆ

1931ರಲ್ಲಿ ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಸುಮಾರು 15,000 ಲೀಟರ್ ಮೂತ್ರವನ್ನು ಶೋಧಿಸಿದಾಗ ಕೈಗೆ ಸಿಕ್ಕಿದ್ದು 15 ಮಿಲಿಗ್ರಾಂ ಆಂಡ್ರೊಸ್ಟಿರೋನ್. ಬಾನಿಗಟ್ಟಲೆ ಮೂತ್ರದಲ್ಲಿ ಚಿಟಿಕೆಯಷ್ಟೂ ಸಿಗದ ಇಂಥ ವಸ್ತುವನ್ನು ರೋಗಿಯ ತೋಳಿನಿಂದ ತೆಗೆದ ಒಂದು ಚಮಚ ರಕ್ತದಲ್ಲಿ ಅಳೆಯುವುದು ಹೇಗೆ? ಅಂತಃಸ್ರಾವ ವಿಜ್ಞಾನಕ್ಕೆ ಇದು ಬಹುಕಾಲದ ತಲೆನೋವಾಗಿತ್ತು. ಬೀಜ ಒಡೆದ ಹುಂಜಕ್ಕೆ ಮಾದರಿ ಚುಚ್ಚಿ ಅದರ ಜುಟ್ಟು ಎಷ್ಟು ಬೆಳೆಯಿತೆಂದು ಅಳತೆಪಟ್ಟಿ ಹಿಡಿದವರಿದ್ದರು. ಆಮೇಲೆ ಬಣ್ಣದ ಪರೀಕ್ಷೆಗಳು ಬಂದವು. ಅವಕ್ಕೆ ಇಡೀ ದಿನದ ಮೂತ್ರ ಬೇಕು, ಸಿಗುವ ಉತ್ತರವೂ ಒಟ್ಟು ಗುಂಪಿನದು. ರಕ್ತದಲ್ಲಿನ ಎಸ್ಟ್ರಾಡಯಾಲ್ ಮಿಲಿಲೀಟರಿಗೆ ಪಿಕೋಗ್ರಾಂಗಳ ಲೆಕ್ಕದಲ್ಲಿರುತ್ತದೆ. ಒಂದು ಪಿಕೋಗ್ರಾಂ ಎಂದರೆ ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಪಾಲು. ಅಷ್ಟು ಸೂಕ್ಷ್ಮವನ್ನು ಹಿಡಿಯುವ ಬಣ್ಣ ಯಾವುದೂ ಇರಲಿಲ್ಲ.

ಪ್ರತಿಕಾಯಗಳ ನೆನಪು ಯಾರಿಗೂ ಆಗದಿದ್ದುದಕ್ಕೆ ಕಾರಣವಿದೆ. ಮೊಲಕ್ಕೆ ಟೆಸ್ಟೊಸ್ಟಿರೋನ್ ಚುಚ್ಚಿದರೆ ಅದರ ದೇಹ ಪ್ರತಿಕಾಯ ತಯಾರಿಸುವುದಿಲ್ಲ. 288ರ ಅಣುತೂಕದ ಈ ಪುಟ್ಟ ಅಣು ರಕ್ಷಣಾ ವ್ಯವಸ್ಥೆಯ ಕಣ್ಣಿಗೇ ಬೀಳದು. ಮೇಲಾಗಿ ಅದು ಮೊಲದ ಮೈಯಲ್ಲೂ ಇರುವ ವಸ್ತು. ಪ್ರೋಟೀನ್ ಹಾರ್ಮೋನುಗಳಿಗೆ ಈ ಕಷ್ಟವಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎನ್. ಆರ್. ಮುದ್ಗಲ್ ಎಲ್‌ಎಚ್ ಹಾರ್ಮೋನಿನ ವಿರುದ್ಧ ಪ್ರತಿಕಾಯ ಪಡೆದು, ಪ್ರಾಣಿಗಳಲ್ಲಿ ಅದರ ಕೆಲಸವನ್ನೇ ತಡೆದು ನೋಡುತ್ತಿದ್ದರು. ಆ ಹಾರ್ಮೋನು ತಾನಾಗಿಯೇ ಪ್ರತಿಜನಕ. ಸ್ಟೀರಾಯ್ಡನ್ನು ಹೊರಲು ಒಂದು ಹೆಗಲು ಬೇಕು.

ಆ ಹೆಗಲಿನ ಉಪಾಯ ಕಾರ್ಲ್ ಲ್ಯಾಂಡ್‌ಸ್ಟೈನರ್ ಅವರದು. ಸಣ್ಣ ಅಣುವನ್ನು ಪ್ರೋಟೀನಿಗೆ ಕಟ್ಟಿ ಚುಚ್ಚಿದರೆ ಆ ಸಣ್ಣ ಅಣುವಿನ ವಿರುದ್ಧವೂ ಪ್ರತಿಕಾಯ ಹುಟ್ಟುತ್ತದೆಂದು ಅವರು ತೋರಿಸಿದ್ದರು. ಅಂಥ ಅಣುವಿಗೆ ಹ್ಯಾಪ್ಟೆನ್ ಎಂದು ಹೆಸರಿಟ್ಟವರೂ ಅವರೇ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಬರ್ನಾರ್ಡ್ ಎರ್ಲಾಂಗರ್, ಬೋರೆಕ್, ಬೈಸರ್ ಮತ್ತು ಸೀಮೋರ್ ಲೀಬರ್ಮನ್ ಇದನ್ನು ಸ್ಟೀರಾಯ್ಡುಗಳಿಗೆ ಒಗ್ಗಿಸಿದರು. 1957ರಲ್ಲಿ ಟೆಸ್ಟೊಸ್ಟಿರೋನ್ ಮತ್ತು ಕಾರ್ಟಿಸೋನನ್ನು, 1959ರಲ್ಲಿ ಪ್ರೊಜೆಸ್ಟಿರೋನ್, ಎಸ್ಟ್ರೋನ್ ಮುಂತಾದವನ್ನು ಹಸುವಿನ ರಕ್ತಸಾರದ ಆಲ್ಬ್ಯುಮಿನ್ನಿಗೆ ಬೆಸೆದ ವರದಿಗಳು ಬಂದವು. ಸ್ಟೀರಾಯ್ಡಿನ ಮೈಯಲ್ಲಿ ಆಮ್ಲದ ಬಾಲವೊಂದನ್ನು ಮೂಡಿಸಿ, ಆ ಬಾಲವನ್ನು ಪ್ರೋಟೀನಿನ ಅಮೈನೋ ಗುಂಪಿಗೆ ಗಂಟು ಹಾಕುವುದು ಅವರ ಕ್ರಮ. ಮೊಲಗಳು ಪ್ರತಿಕಾಯ ಕೊಟ್ಟವು.

ಹಾಗಾದರೆ ಅಳತೆ ಅಂದೇ ಶುರುವಾಗಬೇಕಿತ್ತಲ್ಲ? ಆಗಲಿಲ್ಲ, ಹತ್ತು ವರ್ಷ ಹಿಡಿಯಿತು. ಈ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ ಇದು. ಕೊಲಂಬಿಯಾದ ವೈದ್ಯಕೀಯ ಶಾಲೆಯಿಂದ ಹಾರ್ಲೆಮ್ ನದಿ ದಾಟಿದರೆ ಬ್ರಾಂಕ್ಸ್. ಅಲ್ಲಿನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ರೋಸಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್ ಅದೇ ವರ್ಷಗಳಲ್ಲಿ ಇನ್ಸುಲಿನ್ನಿಗೆ ರೇಡಿಯೋ ಇಮ್ಯುನೊಅಸ್ಸೆ, ಅಂದರೆ ಪ್ರತಿಕಾಯ ಮತ್ತು ವಿಕಿರಣದ ಗುರುತಿನಿಂದ ಅಳೆಯುವ ವಿಧಾನ, ರೂಪಿಸುತ್ತಿದ್ದರು. ಇನ್ಸುಲಿನ್ನಿನಷ್ಟು ಚಿಕ್ಕ ಪ್ರೋಟೀನಿಗೆ ಪ್ರತಿಕಾಯ ಹುಟ್ಟೀತೆಂದು ಪತ್ರಿಕೆಗಳ ಪರಿಶೀಲಕರು ನಂಬಲೇ ಇಲ್ಲ. 1956ರಲ್ಲಿ ಅವರ ಲೇಖನ ಅಚ್ಚಾದದ್ದು ಶೀರ್ಷಿಕೆಯಿಂದ ಪ್ರತಿಕಾಯ ಎಂಬ ಪದವನ್ನು ತೆಗೆದ ಮೇಲೆ. 1977ರಲ್ಲಿ ನೊಬೆಲ್ ಬಂದಾಗ ಯಾಲೋ ಆ ತಿರಸ್ಕಾರದ ಪತ್ರವನ್ನು ತಮ್ಮ ಉಪನ್ಯಾಸದಲ್ಲೇ ಎಲ್ಲರ ಮುಂದಿಟ್ಟರು. 1972ರಲ್ಲಿ ತೀರಿಕೊಂಡಿದ್ದ ಬರ್ಸನ್‌ಗೆ ಆ ಗೌರವದ ಪಾಲು ಸಿಗಲಿಲ್ಲ. ನದಿಯ ಒಂದು ದಡದಲ್ಲಿ ಸ್ಟೀರಾಯ್ಡಿನ ಪ್ರತಿಕಾಯ, ಇನ್ನೊಂದು ದಡದಲ್ಲಿ ಪ್ರತಿಕಾಯದಿಂದ ಅಳೆಯುವ ವಿದ್ಯೆ. ಎರಡನ್ನೂ ಕೂಡಿಸಿ 1969ರಲ್ಲಿ ಎಸ್ಟ್ರಾಡಯಾಲ್ ಅಳೆದವರು ದೂರದ ಕ್ಯಾಲಿಫೋರ್ನಿಯಾದ ಗೈ ಅಬ್ರಹಾಂ. ಅವರು ಪ್ರತಿಕಾಯವನ್ನು ಪ್ಲಾಸ್ಟಿಕ್ ಕೊಳವೆಯ ಒಳಗೋಡೆಗೇ ಅಂಟಿಸಿದ್ದರು.

ಬಹಳಷ್ಟು ಪ್ರಯೋಗಾಲಯಗಳು ಬಳಸಿದ್ದು ಇದ್ದಿಲಿನ ದಾರಿ. ರಕ್ತಸಾರವನ್ನು ಈಥರಿನಲ್ಲಿ ಕುಲುಕಿ ಸ್ಟೀರಾಯ್ಡನ್ನು ಹೊರಗೆಳೆದು, ಈಥರನ್ನು ಆರಿಸಿ, ಉಳಿದದ್ದಕ್ಕೆ ಅಳತೆಯ ಪ್ರತಿಕಾಯವನ್ನೂ ವಿಕಿರಣಶೀಲ ಟ್ರಿಟಿಯಂ ಗುರುತು ಹಾಕಿದ ಅದೇ ಹಾರ್ಮೋನನ್ನೂ ಸೇರಿಸಬೇಕು. ಪ್ರತಿಕಾಯಗಳಲ್ಲಿ ಹಾರ್ಮೋನು ಕೂರಲು ಇರುವ ಕುರ್ಚಿ ಕೆಲವೇ. ಮಾದರಿಯಲ್ಲಿ ಹಾರ್ಮೋನು ಹೆಚ್ಚಿದ್ದಷ್ಟೂ ಗುರುತಿನವಕ್ಕೆ ಜಾಗ ಕಡಿಮೆ. ಮರುದಿನ ಕೊಳವೆಗಳ ಸಾಲನ್ನು ಮಂಜುಗಡ್ಡೆಯಲ್ಲಿ ಕೂರಿಸಿ, ಡೆಕ್ಸ್‌ಟ್ರಾನ್ ಲೇಪಿಸಿದ ಇದ್ದಿಲ ಕದಡನ್ನು ಒಂದೊಂದಕ್ಕೂ ಹಾಕುತ್ತಾ ಹೋಗಬೇಕು. ಕುರ್ಚಿ ಸಿಗದ ಹಾರ್ಮೋನನ್ನು ಇದ್ದಿಲು ಹೀರುತ್ತದೆ. ತಡವಾದರೆ ಕೂತದ್ದನ್ನೂ ಎಬ್ಬಿಸಿ ಎಳೆದುಕೊಳ್ಳುತ್ತದೆ. ಆದ್ದರಿಂದ ಮೊದಲ ಕೊಳವೆಗೂ ಕೊನೆಯ ಕೊಳವೆಗೂ ಒಂದೇ ಹೊತ್ತು ಸಿಗಬೇಕು, ನಡುವೆ ಯಾರೂ ಮಾತಾಡಿಸಕೂಡದು. ಗಿರಕಿ ಯಂತ್ರದಲ್ಲಿ ತಿರುಗಿಸಿ, ಕಪ್ಪು ಗಷ್ಟು ತಳ ಹಿಡಿದ ಮೇಲೆ ತಿಳಿಯನ್ನು ಎಣಿಕೆಗೆ ಇಡುವುದು.

ಪಠ್ಯಗಳಲ್ಲಿ ಕಥೆ ಇಲ್ಲಿಗೆ ಗೆದ್ದಂತೆ ಮುಗಿಯುತ್ತದೆ. ಹೆಚ್ಚು ಆಸಕ್ತಿಯ ಭಾಗ ಶುರುವಾಗುವುದೇ ಇಲ್ಲಿಂದ ಎಂದು ನನಗೆ ತೋರುತ್ತದೆ. ಸೌಟಿನ ಹಿಡಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರೆ ಎದುರಿನವರಿಗೆ ಕಾಣುವುದು ಅದರ ಬಟ್ಟಲು ಮಾತ್ರ. ಹಿಡಿಯ ಮೇಲೆ ಕೆತ್ತಿದ ಹೆಸರು ಕಾಣದು. ಪ್ರತಿಕಾಯದ ಪಾಡೂ ಇದೇ. ಪ್ರೋಟೀನಿಗೆ ಬೆಸೆದ ತುದಿ ಅದಕ್ಕೆ ಮಸುಕು, ಆಚೆಯ ತುದಿ ಸ್ಪಷ್ಟ. ಟೆಸ್ಟೊಸ್ಟಿರೋನನ್ನು 3ನೇ ಇಂಗಾಲದಲ್ಲಿ ಕಟ್ಟುವುದು ಸುಲಭ, ಏಕೆಂದರೆ ಅಲ್ಲೊಂದು ಕೀಟೋನ್ ಸಿದ್ಧವಾಗಿದೆ. ಆದರೆ ಡೈಹೈಡ್ರೊಟೆಸ್ಟೊಸ್ಟಿರೋನಿಗೂ ಅದಕ್ಕೂ ಇರುವ ಒಂದೇ ವ್ಯತ್ಯಾಸ, ಒಂದು ಜೋಡಿ ಬಂಧ, ಅದರ ಪಕ್ಕದಲ್ಲೇ ಇದೆ. ಹಾಗೆ ಪಡೆದ ಪ್ರತಿಕಾಯ ಎರಡನ್ನೂ ಒಂದೆಂದೇ ತಿಳಿಯುತ್ತದೆ. 17ರಲ್ಲಿ ಕಟ್ಟಿದರೆ ಗೊಂದಲ ಆ ತುದಿಗೆ ವರ್ಗಾವಣೆಯಾಗುತ್ತದೆ.

ಗಾರ್ಡನ್ ನಿಸ್ವೆಂಡರ್ ಮತ್ತು ರೀಸ್ ಮಿಡ್ಗ್ಲಿ 1970ರ ಹೊತ್ತಿಗೆ ಹಿಡಿಕೆಯನ್ನು ನಡುವಿಗೆ, 6 ಅಥವಾ 11ನೇ ಇಂಗಾಲಕ್ಕೆ ಸರಿಸಿದರು. ಆಗ ಎರಡೂ ತುದಿಗಳು ಬಯಲಾದವು. ಪ್ರೊಜೆಸ್ಟಿರೋನಿನ 11ರಲ್ಲಿ ಹಿಡಿಯಲು ಏನೂ ಇಲ್ಲ. ಅಲ್ಲಿ ಆಮ್ಲಜನಕ ಕೂರಿಸುವ ಕೆಲಸವನ್ನು ರೈಜೋಪಸ್ ಜಾತಿಯ ಬೂಷ್ಟು ಸರಾಗವಾಗಿ ಮಾಡುತ್ತದೆಂದು 1952ರಲ್ಲೇ ಅಪ್‌ಜಾನ್ ಕಂಪನಿಯ ಪೀಟರ್ಸನ್ ಮತ್ತು ಮರ್ರೇ ಕಂಡುಕೊಂಡಿದ್ದರು. ಕಾರ್ಟಿಸೋನನ್ನು ಅಗ್ಗವಾಗಿಸಿದ ಬೂಷ್ಟು ಪ್ರತಿಕಾಯಕ್ಕೆ ಹಿಡಿಕೆಯನ್ನೂ ಒದಗಿಸಿತು.

ನಂತರದ ಹೆಜ್ಜೆಗಳು ಬೇಗ ಬೇಗ ಬಿದ್ದವು. 1971ರಲ್ಲಿ ಸ್ವೀಡನ್ನಿನಲ್ಲೂ ನೆದರ್ಲೆಂಡ್ಸಿನಲ್ಲೂ ವಿಕಿರಣದ ಬದಲು ಕಿಣ್ವವನ್ನು ಗುರುತಾಗಿಸಿದರು. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಏಕತದ್ರೂಪಿ ಪ್ರತಿಕಾಯ ತಯಾರಿಸುವ ದಾರಿ ತೋರಿದರು. 1977ರಲ್ಲಿ ನವಜಾತ ಶಿಶುವಿನ ಹಿಮ್ಮಡಿಯಿಂದ ತೆಗೆದು ಕಾಗದದ ಮೇಲೆ ಒಣಗಿಸಿದ ರಕ್ತದ ಚುಕ್ಕೆಯಲ್ಲೇ ಅಡ್ರಿನಲ್ ದೋಷವನ್ನು ಗುರುತಿಸುವ ಪರೀಕ್ಷೆ ಬಂತು. ಕೊನೆಗೆ ಸ್ವಯಂಚಾಲಿತ ಯಂತ್ರಗಳು ಬಂದಾಗ ಈಥರಿನ ಕುಲುಕಾಟವನ್ನು ಕೈಬಿಡಲಾಯಿತು. ಸಮಯ ಉಳಿಯಿತು, ಆದರೆ ಹಾರ್ಮೋನನ್ನೇ ಹೋಲುವ ನಂಟರಿಷ್ಟ ಅಣುಗಳನ್ನು ಹೊರಗಿಡುತ್ತಿದ್ದ ಬಾಗಿಲು ತೆರೆದುಕೊಂಡಿತು. 2003ರಲ್ಲಿ ಫ್ರಾನ್ಸಿನ ತಂಡವೊಂದು 10 ಬಗೆಯ ಟೆಸ್ಟೊಸ್ಟಿರೋನ್ ಪರೀಕ್ಷೆಗಳನ್ನು, ಅಣುವನ್ನು ಅದರ ತೂಕದಿಂದ ಗುರುತಿಸುವ ರಾಶಿ ರೋಹಿತಮಾಪನದ ಪಕ್ಕದಲ್ಲಿಟ್ಟು ನೋಡಿತು. ಗಂಡಸರಲ್ಲಿ ಸರಾಸರಿ ಶೇ. 12 ಕಡಿಮೆ, ಹೆಂಗಸರಲ್ಲಿ ಶೇ. 46 ಹೆಚ್ಚು ಬಂತು. ಜತೆಗೇ ಅಚ್ಚಾದ ಸಂಪಾದಕೀಯವೊಂದು, ಹೆಂಗಸರ ಮಟ್ಟಿಗೆ ಇವು ಊಹೆಗಿಂತ ಮೇಲೋ ಎಂದೇ ಕೇಳಿತು. ಸ್ತನ ಕ್ಯಾನ್ಸರಿಗೆ ಕೊಡುವ ಫುಲ್ವೆಸ್ಟ್ರಾಂಟ್ ಎಂಬ ಔಷಧಿಯನ್ನು ಕೆಲವು ಪರೀಕ್ಷೆಗಳು ಎಸ್ಟ್ರಾಡಯಾಲ್ ಎಂದೇ ಎಣಿಸುತ್ತವೆ; ರೂಪ ಅಷ್ಟು ಹತ್ತಿರದ್ದು.

ಈ ಕುರುಡನ್ನೇ ಬೇಕೆಂದು ಆರಿಸಿಕೊಂಡವರೂ ಇದ್ದಾರೆ. ಪ್ರಾಣಿಯ ಸಗಣಿಯಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಇಡಿಯಾಗಿ ಸಿಗುವುದು ತೀರಾ ಅಪರೂಪ. ಯಕೃತ್ತೂ ಕರುಳಿನ ಬ್ಯಾಕ್ಟೀರಿಯಾಗಳೂ ಅದನ್ನು ಹತ್ತಾರು ಚೂರುಗಳಾಗಿ ಮಾರ್ಪಡಿಸಿರುತ್ತವೆ. ಕಾರ್ಟಿಸಾಲನ್ನೇ ಹುಡುಕುವ ಚೂಟಿ ಪ್ರತಿಕಾಯ ಅಲ್ಲಿ ಬರಿಗೈ. ವಿಯೆನ್ನಾದ ಪಶುವೈದ್ಯ ವಿಶ್ವವಿದ್ಯಾಲಯದ ರೂಪರ್ಟ್ ಪಾಲ್ಮೆ ಮತ್ತು ಎರಿಕ್ ಮೋಸ್ಟ್ಲ್ 1997ರಲ್ಲಿ ಇಡೀ ಗುಂಪನ್ನು ಒಟ್ಟಿಗೆ ಹಿಡಿಯುವ ಪ್ರತಿಕಾಯದಿಂದ ಮೆಲುಕು ಹಾಕುವ ಪ್ರಾಣಿಗಳ ಒತ್ತಡವನ್ನು ಅಳೆದರು. ನಮ್ಮಲ್ಲೂ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ಮೈಸೂರು–ನೀಲಗಿರಿ ಸೀಮೆಯ ಕಾಡಾನೆಗಳ ಲದ್ದಿಯಲ್ಲಿ ಇಂಥ ಚೂರುಗಳನ್ನು ಎಣಿಸಿದ್ದಾರೆ. 2017ರ ಅವರ ವರದಿಯ ಪ್ರಕಾರ, ಬೇಸಿಗೆಯಲ್ಲಿ ಪಕ್ಕೆಲುಬು ಕಾಣುವಷ್ಟು ಸೊರಗಿದ ಆನೆಗಳ ಲದ್ದಿಯಲ್ಲೇ ಆ ಎಣಿಕೆ ಹೆಚ್ಚು. ಅದಕ್ಕಾಗಿ ಯಾವ ಆನೆಗೂ ಸೂಜಿ ಚುಚ್ಚಬೇಕಾಗಲಿಲ್ಲ.