ಕಾಲೇಜು ಕುಟುಂಬ ವಾರಾಂತ್ಯ

ಅಮೆರಿಕದ ಕಾಲೇಜುಗಳೂ ವಿಶ್ವವಿದ್ಯಾಲಯಗಳೂ ವಿದ್ಯಾರ್ಥಿಗಳ ತಂದೆತಾಯಿ, ಒಡಹುಟ್ಟಿದವರು, ಅಜ್ಜ ಅಜ್ಜಿಯರನ್ನು ವರ್ಷಕ್ಕೊಮ್ಮೆ ಕ್ಯಾಂಪಸ್ಸಿಗೆ ಕರೆಸಿಕೊಳ್ಳುವ ಎರಡು ಮೂರು ದಿನಗಳ ಕಾರ್ಯಕ್ರಮ. ಹೆಚ್ಚಿನ ಕಡೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲ ವಾರದೊಳಗಿನ ಒಂದು ಶುಕ್ರವಾರ ಶುರುವಾಗಿ ಭಾನುವಾರ ಮಧ್ಯಾಹ್ನದ ಹೊತ್ತಿಗೆ ಮುಗಿಯುತ್ತದೆ. ಫ್ಯಾಮಿಲಿ ವೀಕೆಂಡ್, ಪೇರೆಂಟ್ಸ್ ವೀಕೆಂಡ್ ಎಂಬ ಹೆಸರುಗಳಿಂದ ಪ್ರಸಿದ್ಧ. ಇದು ಘಟಿಕೋತ್ಸವವಲ್ಲ, ನಮ್ಮಲ್ಲಿನ ಪೋಷಕರ ಸಭೆಯೂ ಅಲ್ಲ. ಮನೆ ಬಿಟ್ಟು ಆರೇಳು ವಾರವಾದ ಮಗನನ್ನೋ ಮಗಳನ್ನೋ ಅವರು ಈಗ ಬದುಕುತ್ತಿರುವ ಜಾಗದಲ್ಲೇ ಕಂಡುಬರುವ ಏರ್ಪಾಡು. ಅಲ್ಲಿ ವಿದ್ಯಾರ್ಥಿ ಆತಿಥೇಯ, ಮನೆಯವರು ಅತಿಥಿಗಳು. ಯೋಜನೆಯ ಒಳ್ಳೆಯದು ಕೆಟ್ಟದ್ದೆಲ್ಲ ಈ ಸಂಬಂಧವನ್ನು ಕಾಲೇಜೂ ಕುಟುಂಬವೂ ಎಷ್ಟರಮಟ್ಟಿಗೆ ಒಪ್ಪಿಕೊಂಡಿವೆ ಎಂಬುದರ ಮೇಲೆ ನಿಂತಿದೆ.

ಹಿನ್ನೆಲೆ

ಈ ಪದ್ಧತಿ ಬೆಳೆದದ್ದು ಅಮೆರಿಕನ್ ಫುಟ್‌ಬಾಲ್ ಜೊತೆಗೆ. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1920ರಲ್ಲಿ ‘ಡ್ಯಾಡ್ಸ್ ಡೇ’ ಆರಂಭವಾಯಿತು. ಮಕ್ಕಳ ಜೊತೆ ಕೂತು ಪಂದ್ಯ ನೋಡಲು ಅಪ್ಪಂದಿರನ್ನು ಕರೆಸಲಾಗುತ್ತಿತ್ತು. ಅಮ್ಮಂದಿರಿಗೆ ಬೇರೆ ದಿನ ಬಂತು. ಅಪ್ಪಂದಿರಿಗೊಂದು, ಅಮ್ಮಂದಿರಿಗೊಂದು ವಾರಾಂತ್ಯ ಮಾಡುವ ರೂಢಿ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಂಥ ಕಡೆ ಇಂದಿಗೂ ಉಳಿದಿದೆ. ಓಹಾಯೊ ವಿಶ್ವವಿದ್ಯಾಲಯದಲ್ಲಿ ತಮ್ಮ ತಂಗಿಯರಿಗೆಂದೇ ಒಂದು ವಾರಾಂತ್ಯವಿದೆ. ಸೈನಿಕ ಕಾಲೇಜುಗಳಲ್ಲಿ ಇದಕ್ಕೆ ವಿಧಿಯ ಗಾಂಭೀರ್ಯ ಸೇರುತ್ತದೆ: ದಕ್ಷಿಣ ಕೆರೊಲಿನಾದ ಸಿಟಡೆಲ್‌ನಲ್ಲಿ ಕೊನೆಯ ವರ್ಷದ ಕೆಡೆಟ್‌ಗಳು ತಮ್ಮ ಉಂಗುರ ಪಡೆಯುವುದು ಪೋಷಕರ ವಾರಾಂತ್ಯದಲ್ಲೇ.

ತಂದೆತಾಯಿ ಇಲ್ಲದವರು, ಅಜ್ಜಿಯ ಮನೆಯಲ್ಲಿ ಬೆಳೆದವರು, ಅಪ್ಪ ಅಮ್ಮ ಬೇರ್ಪಟ್ಟವರು ಹೆಚ್ಚು ಹೆಚ್ಚಾಗಿ ಕಾಲೇಜಿಗೆ ಬಂದಂತೆ ‘ಪೋಷಕರ’ ಬದಲು ‘ಕುಟುಂಬ’ದ ವಾರಾಂತ್ಯವೆಂದು ಬಹುತೇಕ ಸಂಸ್ಥೆಗಳು ಕರೆಯತೊಡಗಿದವು. ಸಾಕಿದ ಚಿಕ್ಕಮ್ಮನೂ ದೊಡ್ಡಣ್ಣನೂ ಸಂಕೋಚವಿಲ್ಲದೆ ಬರಲು ಇದರಿಂದ ದಾರಿಯಾಯಿತು.

ಒಳಗಿನ ದೊಡ್ಡ ಬದಲಾವಣೆ ಕಾನೂನಿನಿಂದ ಬಂದದ್ದು. 1960ರ ದಶಕದವರೆಗೂ ಅಮೆರಿಕದ ಕಾಲೇಜುಗಳು ತಂದೆತಾಯಿಯ ಸ್ಥಾನದಲ್ಲಿ ನಿಂತು ವಿದ್ಯಾರ್ಥಿಗಳನ್ನು ಆಳುತ್ತಿದ್ದವು. ಹುಡುಗಿಯರ ಹಾಸ್ಟೆಲಿನ ಬಾಗಿಲಿಗೆ ರಾತ್ರಿ ಇಂತಿಷ್ಟು ಗಂಟೆಗೆ ಬೀಗ ಬೀಳುತ್ತಿತ್ತು. ಈ ಅಧಿಕಾರ ಸಡಿಲವಾಗತೊಡಗಿದ್ದು ಒಂದು ಧರಣಿಯಿಂದ. ಮಾಂಟ್‌ಗೊಮೆರಿಯ ನ್ಯಾಯಾಲಯ ಕಟ್ಟಡದ ಕ್ಯಾಂಟೀನಿನಲ್ಲಿ ಬಿಳಿಯರಿಗೆ ಮಾತ್ರ ಊಟ ಕೊಡುತ್ತಿದ್ದುದನ್ನು ವಿರೋಧಿಸಿ ಅಲಬಾಮಾ ಸ್ಟೇಟ್ ಕಾಲೇಜಿನ ಕರಿಯ ವಿದ್ಯಾರ್ಥಿಗಳು 1960ರಲ್ಲಿ ಧರಣಿ ಕೂತರು. ವಿಚಾರಣೆಯನ್ನೇ ಮಾಡದೆ ಕೆಲವರನ್ನು ಕಾಲೇಜಿನಿಂದ ಹೊರಹಾಕಲಾಯಿತು. ಸಾರ್ವಜನಿಕ ಕಾಲೇಜು ಹಾಗೆ ಮಾಡುವಂತಿಲ್ಲ ಎಂದು 1961ರಲ್ಲಿ ಡಿಕ್ಸನ್ ಪ್ರಕರಣದಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಮುಂದೆ 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿ 18 ವರ್ಷದವರಿಗೆ ಮತದಾನದ ಹಕ್ಕು ಕೊಟ್ಟಿತು. 1974ರ ಫೆರ್ಪಾ ಕಾಯಿದೆ ಅಂಕ, ಹಾಜರಾತಿ, ಶಿಸ್ತುಕ್ರಮದ ದಾಖಲೆಗಳ ಮೇಲಿನ ಹಕ್ಕನ್ನು ವಿದ್ಯಾರ್ಥಿಯ ಕೈಗಿತ್ತಿತು. ಇಂದಿನ ಕುಟುಂಬ ವಾರಾಂತ್ಯ ಈ ಬದಲಾವಣೆಯ ನಂತರದ ಕೂಸು.

ದಿನ ಗೊತ್ತುಮಾಡುವುದು

ತರಗತಿಗಳು ಆಗಸ್ಟ್ ಕೊನೆಗೋ ಸೆಪ್ಟೆಂಬರ್ ಮೊದಲಿಗೋ ಆರಂಭವಾಗುತ್ತವೆ. ಮಕ್ಕಳು ಮನೆಗೆ ಹೋಗುವ ಥ್ಯಾಂಕ್ಸ್‌ಗಿವಿಂಗ್ ರಜೆ ನವೆಂಬರಿನ ನಾಲ್ಕನೆಯ ಗುರುವಾರ. ಈ ಎರಡರ ನಡುವೆ ಬೀಳುವ ವಾರಾಂತ್ಯವೇ ಸೂಕ್ತ. ತೀರ ಬೇಗ ಬಂದರೆ ಹೊಸ ವಿದ್ಯಾರ್ಥಿಗೆ ತೋರಿಸಲು ಇನ್ನೂ ಏನೂ ಇರುವುದಿಲ್ಲ, ಮನೆಯವರ ಬೆನ್ನು ಹತ್ತಿ ಊರಿಗೇ ಹೊರಟುಬಿಡುವ ಮನಸ್ಸಾಗುತ್ತದೆ. ತಡವಾದರೆ ಮಧ್ಯಾವಧಿ ಪರೀಕ್ಷೆಗಳ ಕಾಟ.

ಹಬ್ಬಗಳ ಪಂಚಾಂಗವನ್ನೂ ಮುಂದಿಟ್ಟುಕೊಳ್ಳಬೇಕಾಗುತ್ತದೆ. ಯಹೂದಿಗಳ ರೋಶ್ ಹಶಾನ ಮತ್ತು ಯೋಮ್ ಕಿಪ್ಪುರ್ ಸೆಪ್ಟೆಂಬರ್ ಅಕ್ಟೋಬರಿನಲ್ಲೇ ಬರುತ್ತವೆ. ನಮ್ಮ ನವರಾತ್ರಿಯೂ ಅದೇ ಕಾಲ. 2024ರ ಅಕ್ಟೋಬರ್ 12ರ ಶನಿವಾರ ಯೋಮ್ ಕಿಪ್ಪುರ್ ಉಪವಾಸವೂ ಮೈಸೂರಿನ ಜಂಬೂಸವಾರಿಯೂ ಒಂದೇ ದಿನ ಬಿದ್ದವು. ಯಹೂದಿ ಹಬ್ಬಗಳನ್ನು ತಪ್ಪಿಸಿ ದಿನ ಇಡುವ ಎಚ್ಚರ ಹಲವು ಕಾಲೇಜುಗಳಿಗೆ ಬಂದಿದೆ. ದಸರಾ ದೀಪಾವಳಿಗಳ ವಿಷಯದಲ್ಲೂ ಆ ಎಚ್ಚರ ಬೇಕೆಂದು ಕೇಳುವುದು ಭಾರತೀಯ ಕುಟುಂಬಗಳ ಹಕ್ಕು. ಹಿಂದಿನ ವರ್ಷವೇ ಕೇಳಿದರೆ ಮಾತ್ರ ಪ್ರಯೋಜನ.

ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಕೊನೆಯ ಮಾತು ಫುಟ್‌ಬಾಲಿನದೇ. ತವರಿನ ಅಂಗಳದಲ್ಲಿ ಪಂದ್ಯವಿರುವ ಶನಿವಾರವನ್ನು ಆರಿಸುವುದು ರೂಢಿ. ಇದರಲ್ಲೊಂದು ತೊಡಕಿದೆ. ದೊಡ್ಡ ಲೀಗುಗಳಲ್ಲಿ ಪಂದ್ಯದ ದಿನ ಮೊದಲೇ ಗೊತ್ತಿದ್ದರೂ ಎಷ್ಟು ಗಂಟೆಗೆ ಆಟ ಎಂಬುದನ್ನು ಟಿವಿ ವಾಹಿನಿಗಳು ಹಲವು ಸಲ 12 ದಿನ ಮುಂಚೆ, ಕೆಲವೊಮ್ಮೆ 6 ದಿನ ಮುಂಚೆಯಷ್ಟೇ ತೀರ್ಮಾನಿಸುತ್ತವೆ. ಮಧ್ಯಾಹ್ನ 12ಕ್ಕೂ ಆಗಬಹುದು, ರಾತ್ರಿ 7.30ಕ್ಕೂ ಆಗಬಹುದು. ಹೀಗಾಗಿ ಸಂಘಟಕರು ಶನಿವಾರದ ಕಾರ್ಯಕ್ರಮಕ್ಕೆ ಎರಡು ಪಟ್ಟಿ ಸಿದ್ಧವಿಟ್ಟಿರುತ್ತಾರೆ. ಬರುವವರು ಹೋಟೆಲಿನ ಊಟದ ಮೇಜನ್ನು ಶನಿವಾರದ ಬದಲು ಶುಕ್ರವಾರ ರಾತ್ರಿಗೆ ಕಾಯ್ದಿರಿಸುವುದು ಜಾಣತನ.

ಕೋಣೆ ಮತ್ತು ದಾರಿ

ಅಮೆರಿಕದ ಎಷ್ಟೋ ಹೆಸರಾಂತ ವಿಶ್ವವಿದ್ಯಾಲಯಗಳು ಇರುವುದು ಸಣ್ಣ ಊರುಗಳಲ್ಲಿ. ಪೆನ್ಸಿಲ್ವೇನಿಯಾದ ಸ್ಟೇಟ್ ಕಾಲೇಜ್ ಎಂಬ ಊರಿನ ಜನಸಂಖ್ಯೆ 2020ರ ಜನಗಣತಿಯಂತೆ ಸುಮಾರು 40 ಸಾವಿರ. ಅಲ್ಲಿನ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಬೀವರ್ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರಬಹುದು. ಪಂದ್ಯವೂ ಕುಟುಂಬ ವಾರಾಂತ್ಯವೂ ಕೂಡಿದಾಗ ಆ ಊರಿನಲ್ಲಿ ಕೋಣೆ ಸಿಗುವುದು ಹೇಗೆ ಸಾಧ್ಯ? 70 ಕಿ.ಮೀ. ಆಚೆಯ ಅಲ್ಟೂನಾದವರೆಗೂ ಹುಡುಕಬೇಕಾಗುತ್ತದೆ. ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯ, ಇಥಾಕಾ ಕಾಲೇಜು ಎರಡೂ ಇವೆ, ಜೊತೆಗೆ ಅಕ್ಟೋಬರಿನಲ್ಲಿ ಎಲೆಗಳು ಕೆಂಪೇರುವುದನ್ನು ನೋಡಲು ಪ್ರವಾಸಿಗಳೂ ಬರುತ್ತಾರೆ. ಬಾಸ್ಟನ್‌ನಂಥ ಮಹಾನಗರದಲ್ಲೂ ಅಕ್ಟೋಬರಿನಲ್ಲಿ ಚಾರ್ಲ್ಸ್ ನದಿಯ ದೋಣಿ ಪಂದ್ಯಗಳ ವಾರಾಂತ್ಯಕ್ಕೆ ಬಾಡಿಗೆ ಗಗನಕ್ಕೇರುತ್ತದೆ.

ಇಂಥ ದಿನಗಳಲ್ಲಿ ಎರಡು ರಾತ್ರಿಗೆ ಕಡಿಮೆ ಕೋಣೆ ಕೊಡುವುದಿಲ್ಲ, ರದ್ದುಮಾಡಿದರೆ ಹಣ ಹಿಂತಿರುಗುವುದಿಲ್ಲ ಎಂಬ ಷರತ್ತುಗಳು ಸಾಮಾನ್ಯ. ದಿನಾಂಕ ಪ್ರಕಟವಾದ ಕೂಡಲೇ, ಕೆಲವು ಊರುಗಳಲ್ಲಿ ಒಂದು ವರ್ಷ ಮೊದಲೇ, ಕೋಣೆ ಹಿಡಿದಿಡುವುದು ಕ್ಷೇಮ. ವಿಮಾನದ ಟಿಕೆಟ್ ಆಮೇಲೆ. ವಯಸ್ಸಾದವರು ಜೊತೆಗಿದ್ದರೆ ಕ್ಯಾಂಪಸ್ಸಿನೊಳಗಿನ ಏರುತಗ್ಗು, ನಡೆಯಬೇಕಾದ ದೂರ, ಗಾಲಿಕುರ್ಚಿಯ ಸೌಲಭ್ಯಗಳನ್ನು ನೋಂದಣಿಯಲ್ಲೇ ಕೇಳಿ ಬರೆಸಬೇಕು. 1990ರ ಅಂಗವಿಕಲರ ಹಕ್ಕುಗಳ ಕಾಯಿದೆಯಿಂದಾಗಿ ಅದನ್ನು ಒದಗಿಸುವ ಹೊಣೆ ಕಾಲೇಜುಗಳ ಮೇಲಿದೆ.

ಮೂರು ದಿನಗಳ ನಡೆ

ಶುಕ್ರವಾರ ಮಧ್ಯಾಹ್ನ ವಿದ್ಯಾರ್ಥಿ ಭವನದ ಮುಂದಿನ ಮೇಜಿನಲ್ಲಿ ಹೆಸರಿನ ಬಿಲ್ಲೆ, ಕಾರ್ಯಕ್ರಮ ಪಟ್ಟಿ, ನಕ್ಷೆ ಕೊಡುತ್ತಾರೆ. ಕೆಲವು ಕಡೆ ಕುಟುಂಬಕ್ಕಿಷ್ಟೆಂದು ಶುಲ್ಕವಿದೆ, ಕೆಲವು ಕಡೆ ಉಚಿತ. ಆ ದಿನದ ತರಗತಿಗಳಲ್ಲಿ ಹಿಂದಿನ ಸಾಲಿನಲ್ಲಿ ಕೂರಲು ಹಲವು ಅಧ್ಯಾಪಕರು ಅನುಮತಿಸುತ್ತಾರೆ. ಸಂಜೆ ವಿದ್ಯಾರ್ಥಿಗಳ ಹಾಡು, ನೃತ್ಯ. ವಾದ್ಯವಿಲ್ಲದೆ ಬಾಯಲ್ಲೇ ತಾಳ ಮೇಳ ಕಟ್ಟುವ ಅಕಪೆಲ್ಲಾ ತಂಡಗಳಿಗೆ ಈ ದಿನ ದೊಡ್ಡ ವೇದಿಕೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 1996ರಲ್ಲಿ ಹುಟ್ಟಿದ ಪೆನ್ ಮಸಾಲಾ ಹಿಂದಿ ಹಾಡುಗಳನ್ನು ಹೀಗೆ ಹಾಡಿ ಹೆಸರಾದ ತಂಡ; ಅದನ್ನು ನೋಡಿ ಬೇರೆ ಕಡೆಗಳಲ್ಲೂ ಭಾರತೀಯ ಸಂಗೀತದ ತಂಡಗಳು ಹುಟ್ಟಿಕೊಂಡವು.

ಶನಿವಾರ ಬೆಳಿಗ್ಗೆ ಅಧ್ಯಕ್ಷರ ಭಾಷಣ, ಪೋಷಕರಿಗೆಂದೇ ಪ್ರಾಧ್ಯಾಪಕರ ಕಿರು ಉಪನ್ಯಾಸಗಳು, ಪ್ರಯೋಗಾಲಯಗಳ ಬಾಗಿಲು ತೆರೆದ ವೇಳೆ. ಇವುಗಳಲ್ಲಿ ಒಂದು ಉಪನ್ಯಾಸವನ್ನಾದರೂ ಕೇಳುವುದು ಒಳ್ಳೆಯದು. ಮಗಳು ಓದುತ್ತಿರುವ ವಿಷಯವನ್ನು ಅದನ್ನು ಪ್ರೀತಿಸುವವರ ಬಾಯಲ್ಲಿ ಕೇಳುವ ಅವಕಾಶ ಅದು.

ಆಮೇಲೆ ಟೇಲ್‌ಗೇಟ್, ಅಂದರೆ ಪಂದ್ಯಕ್ಕೆ ಮುಂಚಿನ ಬಯಲೂಟ. ಆನ್ ಆರ್ಬರಿನ ಮಿಷಿಗನ್ ಕ್ರೀಡಾಂಗಣದ ಎದುರಿಗಿರುವ ಗಾಲ್ಫ್ ಮೈದಾನವೇ ಆ ದಿನ ಕಾರು ನಿಲ್ಲಿಸುವ ಜಾಗ. ಪಿಕಪ್ ಟ್ರಕ್ಕಿನ ಹಿಂಬಾಗಿಲು ಇಳಿಸಿ ಅದನ್ನೇ ಮೇಜು ಮಾಡಿಕೊಳ್ಳುತ್ತಾರೆ. ಮಡಿಚುವ ಕುರ್ಚಿಗಳು, ಹಳದಿ ನೀಲಿ ಬಾವುಟ, ಇದ್ದಿಲ ಒಲೆಯ ಮೇಲೆ ಹೊಗೆಯಾಡುವ ಸಾಸೇಜು, ಮಂಜುಗಡ್ಡೆ ತುಂಬಿದ ಡಬ್ಬಿಯಲ್ಲಿ ಪಾನೀಯ. ಗುರುತಿಲ್ಲದವರನ್ನೂ ಕರೆದು ತಟ್ಟೆ ಕೊಡುವುದು ಅಲ್ಲಿನ ಮರ್ಯಾದೆ. ಸಸ್ಯಾಹಾರಿಗಳಿಗೆ ಸಿಗುವುದು ಚಿಪ್ಸು, ಜೋಳದ ತೆನೆ, ಸಲಾಡು. ಡಬ್ಬಿಯಲ್ಲಿ ಪುಳಿಯೋಗರೆ ಕಟ್ಟಿಕೊಂಡು ಹೋದವರು ಹಂಚಿಯೂ ತಿನ್ನಬಹುದು. ಕ್ರೀಡಾಂಗಣದೊಳಕ್ಕೆ ಮಾತ್ರ ಡಬ್ಬಿ ಒಯ್ಯುವಂತಿಲ್ಲ. ಹಲವು ಕಡೆ ಪಾರದರ್ಶಕ ಚೀಲವಷ್ಟೇ ನಡೆಯುತ್ತದೆ, ಕೆಲವು ಕಡೆ ಯಾವ ಚೀಲವನ್ನೂ ಬಿಡುವುದಿಲ್ಲ. ಆಟ ಮೂರು ಮೂರೂವರೆ ಗಂಟೆ ಹಿಡಿಯುತ್ತದೆ, ಹೆಚ್ಚಿನ ಸೀಟುಗಳು ಒರಗು ಇಲ್ಲದ ಬೆಂಚುಗಳು. ಮಂಡಿನೋವಿರುವ ಅಜ್ಜಿಯನ್ನು ಅಲ್ಲಿ ಕೂರಿಸುವುದಕ್ಕಿಂತ ಗ್ರಂಥಾಲಯ ತೋರಿಸಿ, ಮರದಡಿಯಲ್ಲಿ ಕಾಫಿ ಕುಡಿಸುವುದೇ ಲೇಸು.

ಭಾನುವಾರ ತಡವಾಗಿ ಎದ್ದು ಕೂಡಿ ತಿನ್ನುವ ಬ್ರಂಚ್, ಬೀಳ್ಕೊಡುಗೆ.

ಈ ಪಟ್ಟಿಯಲ್ಲಿರುವ ಎಲ್ಲವನ್ನೂ ಮುಗಿಸಲು ಹೊರಟ ಕುಟುಂಬ ಮಗುವಿನೊಡನೆ ಮಾತಾಡದೆಯೇ ಹಿಂತಿರುಗುತ್ತದೆ. ನಿಜವಾಗಿ ನೆನಪುಳಿಯುವುದು ಪಟ್ಟಿಯಲ್ಲಿಲ್ಲದ ಕೆಲಸ: ಅಂಗಡಿಗೆ ಹೋಗಿ ಚಳಿಗಾಲದ ಕೋಟು, ದಪ್ಪ ಕಾಲುಚೀಲ ಕೊಡಿಸುವುದು, ಹಾಸ್ಟೆಲ್ ಕೋಣೆಯ ಪುಟ್ಟ ಫ್ರಿಜ್ಜಿಗೆ ಮೊಸರು ಹಣ್ಣು ತುಂಬುವುದು, ರೂಮ್‌ಮೇಟ್‌ನ ಹೆಸರನ್ನು ಸರಿಯಾಗಿ ಉಚ್ಚರಿಸಲು ಕಲಿಯುವುದು. ಅರ್ಧ ದಿನವನ್ನಾದರೂ ಖಾಲಿ ಬಿಡಬೇಕು. ಆ ಅರ್ಧ ದಿನ ಯಾವುದೆಂದು ವಿದ್ಯಾರ್ಥಿಯನ್ನೇ ಕೇಳಬೇಕು. ಸೋಮವಾರ ಪರೀಕ್ಷೆಯಿದ್ದರೆ ಭಾನುವಾರ ಬೆಳಿಗ್ಗೆಯೇ ಬಿಟ್ಟುಕೊಡಬೇಕು.

ಅಂಕದ ಪ್ರಶ್ನೆ

ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳ ಪೋಷಕರ ಸಭೆಗೆ ಹೋಗಿ ಬಂದವರಿಗೆ ಹಾಜರಾತಿ ಶೇ. 85 ದಾಟಿದೆಯೇ, ಇಂಟರ್ನಲ್ಸ್‌ನಲ್ಲಿ ಎಷ್ಟು ಬಂತು ಎಂದು ಮೇಷ್ಟ್ರನ್ನು ನೇರ ಕೇಳಿ ಅಭ್ಯಾಸ. ಅಮೆರಿಕದ ಪ್ರಾಧ್ಯಾಪಕರು ಕೈಕುಲುಕಿ ನಗುತ್ತಾರೆ, ವಿಷಯದ ಬಗ್ಗೆ ಮಾತಾಡುತ್ತಾರೆ, ಅಂಕದ ಸುದ್ದಿ ಎತ್ತುವುದಿಲ್ಲ. ಇದು ಅಸಡ್ಡೆಯಲ್ಲ. ಫೆರ್ಪಾ ಕಾಯಿದೆಯಂತೆ ವಿದ್ಯಾರ್ಥಿಯ ಲಿಖಿತ ಒಪ್ಪಿಗೆಯಿಲ್ಲದೆ ದಾಖಲೆಯನ್ನು ಹೊರಗೆಡಹುವಂತಿಲ್ಲ. ವಿದ್ಯಾರ್ಥಿ ತೆರಿಗೆ ಲೆಕ್ಕದಲ್ಲಿ ತಂದೆತಾಯಿಯ ಅವಲಂಬಿತನಾಗಿದ್ದರೆ, ಆರೋಗ್ಯಕ್ಕೋ ಜೀವಕ್ಕೋ ಅಪಾಯವಿದ್ದರೆ, 21 ವರ್ಷದೊಳಗಿನವರು ಮದ್ಯ ಮಾದಕವಸ್ತುಗಳ ನಿಯಮ ಮುರಿದರೆ ಕಾಲೇಜು ತಿಳಿಸಬಹುದು, ತಿಳಿಸಲೇಬೇಕೆಂಬ ಕಡ್ಡಾಯವಿಲ್ಲ.

ಆದ್ದರಿಂದ ಕೇಳಬೇಕಾದ್ದನ್ನು ಮಕ್ಕಳನ್ನೇ ಕೇಳಬೇಕು, ಅದೂ ರೂಮ್‌ಮೇಟ್ ಎದುರಿಗಲ್ಲ. ಅಂಕಕ್ಕಿಂತ ಮೊದಲು ನಿದ್ದೆ, ಊಟ, ಗೆಳೆತನ ವಿಚಾರಿಸುವುದು ವಿವೇಕ. ಮಗ ಸೊರಗಿದ್ದಾನೆ, ಯಾರೊಡನೆಯೂ ಬೆರೆಯುತ್ತಿಲ್ಲ ಎನಿಸಿದರೆ ವಿದ್ಯಾರ್ಥಿ ಕಲ್ಯಾಣದ ಡೀನ್ ಕಚೇರಿಗೆ ಹೋಗಿ ಹೇಳಬಹುದು. ಕಾಯಿದೆ ಅವರ ಬಾಯಿ ಕಟ್ಟಿದೆಯೇ ಹೊರತು ಕಿವಿಯನ್ನಲ್ಲ.

ಬರಲಾಗದವರು

ಅಮೆರಿಕದ ಕಾಲೇಜು ಬದುಕಿನ ಆರ್ಥಿಕ ಅಂತರ ಈ ಮೂರು ದಿನಗಳಲ್ಲಿ ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. ಎರಡು ಪಾಳಿ ದುಡಿಯುವ ತಾಯಿ ಶುಕ್ರವಾರದ ಕೂಲಿ ಬಿಟ್ಟು ಬರುವಂತಿಲ್ಲ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರ ಮನೆಯವರಿಗೆ ಇಂಥದ್ದೊಂದಿದೆ ಎಂಬುದೇ ಎಷ್ಟೋ ಸಲ ತಿಳಿದಿರುವುದಿಲ್ಲ. ಪ್ರಯಾಣ ಖರ್ಚು ಕೊಡುವ, ಇಂಗ್ಲಿಷ್ ಬಾರದವರಿಗೆ ಸ್ಪ್ಯಾನಿಷ್‌ನಂಥ ಭಾಷೆಗಳಲ್ಲಿ ಕರೆಯೋಲೆ ಕಳಿಸುವ ಕಾಲೇಜುಗಳಿವೆ. ಅವು ಮಾಡುತ್ತಿರುವುದೇ ಸರಿ. ಇದೇ ವಾರಾಂತ್ಯದಲ್ಲಿ ದೇಣಿಗೆ ಸಂಗ್ರಹಿಸುವ ಪದ್ಧತಿಯೂ ಇದೆ. ಮಗಳನ್ನು ನೋಡಲು ಸಾಲ ಮಾಡಿ ಬಂದ ಕುಟುಂಬದ ಮುಂದೆ ದೇಣಿಗೆಯ ಪತ್ರ ಇಡುವುದು ಸಲ್ಲದು.

2020ರಲ್ಲಿ ಕೋವಿಡ್‌ನಿಂದಾಗಿ ಹೆಚ್ಚಿನ ಕಡೆ ಈ ಕೂಟ ರದ್ದಾಯಿತು ಅಥವಾ ಆನ್‌ಲೈನಿನಲ್ಲಿ ನಡೆಯಿತು. ದೂರದವರಿಗೆ ಅದರಿಂದ ಒಂದು ಉಪಕಾರವಾಯಿತು: ಭಾಷಣ, ಸಂಗೀತಗಳ ನೇರಪ್ರಸಾರ ಆಮೇಲೂ ಕೆಲವೆಡೆ ಉಳಿದುಕೊಂಡಿತು.

ಭಾರತೀಯ ಮತ್ತು ಕನ್ನಡ ಕುಟುಂಬಗಳು

2023–24ರಲ್ಲಿ ಅಮೆರಿಕದಲ್ಲಿ ಭಾರತದ 3,31,602 ವಿದ್ಯಾರ್ಥಿಗಳಿದ್ದರು. ವಿದೇಶಿ ವಿದ್ಯಾರ್ಥಿಗಳಲ್ಲಿ ಇದೇ ದೊಡ್ಡ ಗುಂಪು. ಅವರಲ್ಲಿ ಬಹುಪಾಲು ಸ್ನಾತಕೋತ್ತರ ವಿದ್ಯಾರ್ಥಿಗಳು. ಕುಟುಂಬ ವಾರಾಂತ್ಯವಾದರೋ ಮುಖ್ಯವಾಗಿ ಪದವಿ ತರಗತಿಯವರಿಗಾಗಿ ಇರುವುದು. ಊರಿನಿಂದ ಬರುವ ತಂದೆತಾಯಿ ಸಾಮಾನ್ಯವಾಗಿ ಮೇ ತಿಂಗಳ ಘಟಿಕೋತ್ಸವಕ್ಕೆಂದು ಹಣ ಕೂಡಿಡುತ್ತಾರೆ, ಅದು ಸಹಜವೂ ಹೌದು. ಈ ಭೇಟಿಗೆಂದು ಬೇರೆ ವೀಸಾ ಇಲ್ಲ. ಪ್ರವಾಸಿ ವೀಸಾದಲ್ಲೇ ಬರಬೇಕು.

ಕುಟುಂಬ ವಾರಾಂತ್ಯದಲ್ಲಿ ಹೆಚ್ಚಾಗಿ ಕಾಣುವ ಕನ್ನಡಿಗರು ಅಲ್ಲೇ ನೆಲೆಸಿದವರು: ನ್ಯೂಜೆರ್ಸಿಯಿಂದಲೋ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದಿಂದಲೋ ಕಾರಿನಲ್ಲಿ ಚಟ್ನಿಪುಡಿ, ಚಕ್ಕುಲಿ, ಕೋಡುಬಳೆ ತುಂಬಿಕೊಂಡು ಬರುವ ಅಪ್ಪ ಅಮ್ಮ, ಊರಿಂದ ಬಂದು ಆರು ತಿಂಗಳು ಇರುವ ಅಜ್ಜಿ ತಾತ. ಕರ್ನಾಟಕದಲ್ಲೇ ಇರುವವರಿಗೆ ವೀಡಿಯೊ ಕರೆಯುಂಟು. ಅಕ್ಟೋಬರಿನಲ್ಲಿ ಅಮೆರಿಕದ ಪೂರ್ವ ಕರಾವಳಿಗಿಂತ ಬೆಂಗಳೂರು ಒಂಬತ್ತೂವರೆ ಗಂಟೆ ಮುಂದಿರುತ್ತದೆ. ಅಲ್ಲಿ ಶನಿವಾರ ಬೆಳಿಗ್ಗೆ 10 ಗಂಟೆಯಾದಾಗ ಇಲ್ಲಿ ಸಂಜೆ 7.30, ಮನೆಮಂದಿಯೆಲ್ಲ ಕೂತು ಮಾತಾಡಲು ಒಳ್ಳೆಯ ಹೊತ್ತು.

ಮಗುವನ್ನು ನೋಡಲು ಹೋಗುವವರಲ್ಲಿ ಒಂದು ಕೋರಿಕೆ. ರಾತ್ರಿಯೂಟಕ್ಕೆ ಮೇಜು ಕಾಯ್ದಿರಿಸುವಾಗ ಒಂದೆರಡು ಕುರ್ಚಿ ಹೆಚ್ಚು ಹೇಳಿ. ಮನೆಯಿಂದ ಯಾರೂ ಬಾರದ ಗೆಳೆಯರನ್ನು ಕರೆತರುವಂತೆ ಮಗನಿಗೋ ಮಗಳಿಗೋ ಮೊದಲೇ ತಿಳಿಸಿ.