ಉತ್ಕರ್ಷಣ ನಿರೋಧಕಗಳ ಇತಿಹಾಸ ಮತ್ತು ನಮ್ಮ ಔಷಧದಾನ

ಆಹಾರ, ಔಷಧ, ಅಭಯ, ಶಾಸ್ತ್ರ ಎಂದು ದಾನವನ್ನು ನಾಲ್ಕು ಬಗೆಯಾಗಿ ಹೇಳಿದ ಪರಂಪರೆ ನಮ್ಮದು. ಇವುಗಳಲ್ಲಿ ಔಷಧದಾನವನ್ನು ಕೈಗೊಳ್ಳುವವನಿಗೆ ಉಳಿದ ಮೂರಕ್ಕಿಂತ ಹೆಚ್ಚಿನ ಎಚ್ಚರ ಬೇಕು. ಅನ್ನವಿಕ್ಕಿ ಕೆಡಿಸುವುದು ಅಪರೂಪ. ಮದ್ದು ಕೊಟ್ಟು ಕೆಡಿಸುವುದು ಅಷ್ಟು ಅಪರೂಪವಲ್ಲ.

ನಮ್ಮೂರ ಬಸದಿಯ ಟ್ರಸ್ಟು ಮಹಾವೀರ ಜಯಂತಿಯ ಸಂದರ್ಭದಲ್ಲಿ ನಡೆಸುವ ಆರೋಗ್ಯ ಶಿಬಿರಕ್ಕೆ ಉದಾರಿಗಳಾದ ದಾನಿಯೊಬ್ಬರು 'ಆಂಟಿಆಕ್ಸಿಡೆಂಟ್' ಗುಳಿಗೆಗಳ ಪೆಟ್ಟಿಗೆಗಳನ್ನು ಕೊಡಲು ಮುಂದೆ ಬಂದರು. ಬೀಟಾ ಕ್ಯಾರೋಟಿನ್, 'ಇ' ಮತ್ತು 'ಸಿ' ಜೀವಸತ್ವಗಳು, ಸೆಲೆನಿಯಮ್ ಇವೆಲ್ಲ ಒಂದೇ ಕ್ಯಾಪ್ಸೂಲಿನಲ್ಲಿ. ಮುಪ್ಪನ್ನು ಮುಂದೂಡುತ್ತದೆ, ಅರ್ಬುದವನ್ನು ದೂರವಿಡುತ್ತದೆ ಎಂಬ ಮಾತು ಅದರ ಜೊತೆಯ ಕಾಗದದಲ್ಲಿ. ಸಭೆಯಲ್ಲಿದ್ದ ಹಿರಿಯ ಶ್ರಾವಕಿಯೊಬ್ಬರು, "ಅದರ ಹೊರಗಿನ ಸಿಪ್ಪೆ ಯಾವುದರದ್ದು?" ಎಂದು ಕೇಳಿದರು. ಉತ್ತರ ಯಾರ ಬಳಿಯೂ ಇರಲಿಲ್ಲ. ಅದನ್ನು ತಿಳಿದು ಹೇಳುವ ಕೆಲಸ ನನ್ನ ಪಾಲಿಗೆ ಬಂದಿತು. ಹುಡುಕಹೊರಟಾಗ ಸಿಪ್ಪೆಗಿಂತ ದೊಡ್ಡದಾದ ಇನ್ನೊಂದು ಪ್ರಶ್ನೆ ಎದುರಾಯಿತು. ಈ ಲೇಖನ ಅದರ ಫಲ.

ಕಬ್ಬಿಣ ತುಕ್ಕು ಹಿಡಿಯುವುದು, ಕರಿದ ಎಣ್ಣೆ ಕಮಟು ವಾಸನೆ ಬರುವುದು, ಕೊಯ್ದಿಟ್ಟ ಸೇಬು ಕಂದುವುದು ಇವೆಲ್ಲ ಆಮ್ಲಜನಕದ ಕಾರ್ಯವೇ. ಇದನ್ನು ಉತ್ಕರ್ಷಣವೆನ್ನುತ್ತಾರೆ. ನಾವು ಉಸಿರಾಡುವ ಆಮ್ಲಜನಕದಿಂದಲೂ ದೇಹದೊಳಗೆ ಒಂಟಿ ಎಲೆಕ್ಟ್ರಾನ್ ಉಳ್ಳ ಚಂಚಲ ಕಣಗಳು ಹುಟ್ಟುತ್ತವೆ. ಇವು ನೆರೆಯ ಅಣುವಿನಿಂದ ಎಲೆಕ್ಟ್ರಾನನ್ನು ಸೆಳೆದು ಅದನ್ನೂ ಕೆಡಿಸುತ್ತವೆ. ತಾನೇ ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಟ್ಟು ಈ ಸರಪಳಿಯನ್ನು ತಡೆಯುವ ವಸ್ತುವೇ ಉತ್ಕರ್ಷಣ ನಿರೋಧಕ. ವಾರ್ಧಕ್ಯಕ್ಕೆ ಈ ಚಂಚಲ ಕಣಗಳೇ ಕಾರಣವಿರಬಹುದೆಂಬ ಸಿದ್ಧಾಂತವನ್ನು ಅಮೆರಿಕದ ಡೆನ್‌ಹ್ಯಾಮ್ ಹಾರ್ಮನ್ 1956ರಲ್ಲಿ ಮಂಡಿಸಿದರು. ಮುಂದಿನ ಗುಳಿಗೆ ವ್ಯಾಪಾರವೆಲ್ಲ ಬಹುಮಟ್ಟಿಗೆ ಈ ಒಂದು ಊಹೆಯ ಮೇಲೆ ನಿಂತಿದೆ.

ಆದರೆ ವಸ್ತುಗಳ ಶೋಧ ಇದಕ್ಕಿಂತ ಹಳೆಯದು, ಮತ್ತು ಅದರ ಒಂದು ಪ್ರಸಂಗ ಅಹಿಂಸಾವ್ರತಿಗಳಾದ ನಾವು ತಿಳಿದಿರತಕ್ಕದ್ದು. ಹಂಗೆರಿಯ ಆಲ್ಬರ್ಟ್ ಸೆಂಟ್-ಗ್ಯೋರ್ಗಿ 1920ರ ದಶಕದ ಕೊನೆಯಲ್ಲಿ ಕೇಂಬ್ರಿಜ್‌ನಲ್ಲಿದ್ದಾಗ, ಇಂದು 'ಸಿ' ಜೀವಸತ್ವವೆಂದು ಕರೆಯುವ ಆಮ್ಲವನ್ನು ಎತ್ತುಗಳ ಮೂತ್ರಪಿಂಡದ ಮೇಲಿರುವ ಪುಟ್ಟ ಗ್ರಂಥಿಯಿಂದ ಬೇರ್ಪಡಿಸಿದರು. ಹೆಚ್ಚು ಪ್ರಮಾಣ ಬೇಕಾದಾಗ ಅಮೆರಿಕಕ್ಕೆ ಹೋಗಿ ಅಲ್ಲಿನ ಕಸಾಯಿಖಾನೆಗಳಿಂದ ಗ್ರಂಥಿಗಳನ್ನು ತರಿಸಿಕೊಂಡರು. ಅಷ್ಟು ಪ್ರಾಣಿಗಳಿಂದ ದೊರೆತದ್ದು ಕೆಲವೇ ಗ್ರಾಮು. ಮುಂದೆ ಹಂಗೆರಿಯ ಸೆಗೆಡ್ ನಗರದಲ್ಲಿದ್ದಾಗ, ಒಂದು ರಾತ್ರಿ ಊಟಕ್ಕೆ ಹೆಂಡತಿ ಬಡಿಸಿದ ಕೆಂಪು ದೊಣ್ಣೆಮೆಣಸು ತಿನ್ನಲು ಮನಸ್ಸಾಗದೆ ಅದನ್ನು ಪ್ರಯೋಗಶಾಲೆಗೆ ಒಯ್ದುದಾಗಿ ಅವರೇ ಹೇಳಿಕೊಂಡಿದ್ದಾರೆ. ಆ ಊರು ಮೆಣಸಿಗೆ ಹೆಸರಾದದ್ದು. ಕೆಲವೇ ವಾರಗಳಲ್ಲಿ ಕಿಲೋಗ್ರಾಮಿನ ಲೆಕ್ಕದಲ್ಲಿ ಆ ಆಮ್ಲ ಕೈಸೇರಿತು. 1937ರ ನೊಬೆಲ್ ಪಾರಿತೋಷಕ ಅವರಿಗೆ ಬಂದಿತು. ಕಸಾಯಿಖಾನೆಯಲ್ಲಿ ಅರಸಿದ್ದು ಅಡುಗೆಮನೆಯಲ್ಲಿಯೇ ಇತ್ತು. ಆದರೂ ಆ ವಸ್ತುವಿನ ಗುಣವನ್ನು ನಿಶ್ಚಯಿಸಲು ಗಿನಿಯಿಲಿಗಳಿಗೆ ರೋಗ ಬರಿಸಿ ನೋಡಲಾಯಿತೆಂಬುದನ್ನೂ ಮರೆಮಾಚಬಾರದು. ನಾವು ಸೇವಿಸುವ ಬಹುತೇಕ ಎಲ್ಲ ಆಧುನಿಕ ಔಷಧಗಳ ಹಿಂದೆ ಈ ಋಣವಿದೆ.

ಇನ್ನು ಬೀಟಾ ಕ್ಯಾರೋಟಿನ್. 1831ರಲ್ಲಿ ಜರ್ಮನಿಯ ವಾಕೆನ್‌ರೋಡರ್ ಇದನ್ನು ಕ್ಯಾರೆಟ್ಟಿನಿಂದ ಪಡೆದರು. ಹೆಸರೂ ಅದರಿಂದಲೇ ಬಂದುದು. ಕಂದಮೂಲವನ್ನು ವರ್ಜಿಸಿದ ನಮ್ಮ ಮನೆಗಳವರು ಇದರಿಂದ ವಂಚಿತರಾದೆವೆಂದು ಚಿಂತಿಸಬೇಕಾಗಿಲ್ಲ. ಮಾವು, ಪಪ್ಪಾಯಿ, ಸಿಹಿಗುಂಬಳ, ನುಗ್ಗೆಸೊಪ್ಪುಗಳಲ್ಲಿ ಅದು ಧಾರಾಳವಾಗಿದೆ. ಚಾತುರ್ಮಾಸದಲ್ಲಿ ಸೊಪ್ಪು ಬಿಡುವವರಿಗೂ ಕುಂಬಳವಿದ್ದೇ ಇದೆ.

ಇಂತಹ ತರಕಾರಿಗಳನ್ನು ಹೆಚ್ಚು ತಿನ್ನುವವರಲ್ಲಿ ಅರ್ಬುದ ಕಡಿಮೆಯೆಂದು ಹಲವು ದೇಶಗಳ ಸಮೀಕ್ಷೆಗಳು ಸೂಚಿಸಿದ್ದವು. ರಿಚರ್ಡ್ ಪೀಟೋ ಮತ್ತವರ ಸಂಗಡಿಗರು 1981ರಲ್ಲಿ, ಇದಕ್ಕೆ ಬೀಟಾ ಕ್ಯಾರೋಟಿನ್ನೇ ಕಾರಣವಿರಬಹುದೇ ಎಂದು ಬರೆದರು. ಅವರ ಲೇಖನದ ಶೀರ್ಷಿಕೆ ಒಂದು ಪ್ರಶ್ನೆಯಾಗಿತ್ತು. ಮಾರುವವರು ಪ್ರಶ್ನಾರ್ಥಕ ಚಿಹ್ನೆಯನ್ನು ಕಿತ್ತುಹಾಕಿದರು. ವಿಜ್ಞಾನಿಗಳು ಉತ್ತರ ಹುಡುಕಲು ಹೊರಟರು.

ಮೊದಲ ದೊಡ್ಡ ಉತ್ತರ ಬಂದುದು ಫಿನ್ಲೆಂಡಿನಿಂದ. ಧೂಮಪಾನಿಗಳಾದ, 50ರಿಂದ 69 ವಯಸ್ಸಿನ 29,133 ಗಂಡಸರಿಗೆ ಐದರಿಂದ ಎಂಟು ವರ್ಷಗಳ ಕಾಲ ನಿತ್ಯವೂ ಗುಳಿಗೆ ಕೊಡಲಾಯಿತು: ಕೆಲವರಿಗೆ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್, ಕೆಲವರಿಗೆ 50 ಮಿಲಿಗ್ರಾಂ 'ಇ' ಜೀವಸತ್ವ, ಕೆಲವರಿಗೆ ಎರಡೂ, ಉಳಿದವರಿಗೆ ಸತ್ವವಿಲ್ಲದ ಗುಳಿಗೆ. 1994ರ ಏಪ್ರಿಲ್‌ನಲ್ಲಿ ಪ್ರಕಟವಾದ ಫಲಿತಾಂಶ ವೈದ್ಯಲೋಕವನ್ನು ಬೆಚ್ಚಿಬೀಳಿಸಿತು. ಬೀಟಾ ಕ್ಯಾರೋಟಿನ್ ಪಡೆದವರಲ್ಲಿ ಶ್ವಾಸಕೋಶದ ಅರ್ಬುದ ಶೇಕಡಾ 18ರಷ್ಟು ಹೆಚ್ಚಿತ್ತು. ಒಟ್ಟು ಮರಣ ಶೇಕಡಾ 8ರಷ್ಟು ಹೆಚ್ಚಿತ್ತು. ಇದು ಆಕಸ್ಮಿಕವೆಂದು ಹಲವರು ಭಾವಿಸಿದರು. ಅಮೆರಿಕದಲ್ಲಿ ಧೂಮಪಾನಿಗಳು ಹಾಗೂ ಕಲ್ನಾರು ಕೆಲಸಗಾರರನ್ನೊಳಗೊಂಡ 18,314 ಜನರ ಮೇಲೆ ಬೀಟಾ ಕ್ಯಾರೋಟಿನ್ನನ್ನು 'ಎ' ಜೀವಸತ್ವದೊಡನೆ ಕೊಟ್ಟು ನಡೆಸುತ್ತಿದ್ದ ಪ್ರಯೋಗವನ್ನು 1996ರ ಜನವರಿಯಲ್ಲಿ, ಅವಧಿಗೆ 21 ತಿಂಗಳು ಮೊದಲೇ ನಿಲ್ಲಿಸಬೇಕಾಯಿತು. ಅಲ್ಲಿ ಅರ್ಬುದ ಶೇಕಡಾ 28, ಮರಣ ಶೇಕಡಾ 17 ಹೆಚ್ಚಿತ್ತು. ತಾವೇ ನಂಬಿದ್ದ ಮದ್ದು ಕೊಲ್ಲುತ್ತಿದೆಯೆಂದು ತಿಳಿದೊಡನೆ ಆ ವೈದ್ಯರು ಅದನ್ನು ನಿಲ್ಲಿಸಿ ಲೋಕಕ್ಕೆ ಸಾರಿದರು. ಸತ್ಯವ್ರತಕ್ಕೆ ಇಂತಹ ಉದಾಹರಣೆಗಳನ್ನು ನಾವು ಪುರಾಣಗಳಲ್ಲಿ ಮಾತ್ರ ಹುಡುಕುತ್ತೇವೆ.

ಹೀಗೇಕಾಯಿತು? ಎಲೆಕ್ಟ್ರಾನನ್ನು ಕೊಟ್ಟ ವಸ್ತು ತಾನೇ ಅಸ್ಥಿರವಾಗುತ್ತದೆ. ಹೊಗೆಯೂ ಆಮ್ಲಜನಕವೂ ತುಂಬಿದ ಶ್ವಾಸಕೋಶದಲ್ಲಿ, ಅತಿಯಾದ ಪ್ರಮಾಣದಲ್ಲಿದ್ದಾಗ, ಬೀಟಾ ಕ್ಯಾರೋಟಿನ್ ಒಡೆದು ಜೀವಕೋಶಕ್ಕೆ ಹಾನಿಕರವಾದ ಚೂರುಗಳಾಗುತ್ತದೆಂಬುದು ಬಹುಜನ ಒಪ್ಪಿದ ವಿವರಣೆ. ನಿರೋಧಕವೇ ಪ್ರೇರಕವಾಗುತ್ತದೆ. ದ್ರವ್ಯ, ಕ್ಷೇತ್ರ, ಕಾಲ, ಭಾವಗಳನ್ನು ಬಿಟ್ಟು ವಸ್ತುವಿನ ಬಗೆಗೆ ಏಕಾಂತವಾಗಿ ನುಡಿಯಬಾರದೆಂದು ಓದಿದ ನಮಗೆ ಇದು ತೀರ ಅಪರಿಚಿತವಾದ ಮಾತಲ್ಲ. ಅದೇ ಫಿನ್ಲೆಂಡಿನ ಗಂಡಸರಲ್ಲಿ, ಊಟದಿಂದಲೇ ಹೆಚ್ಚು ಕ್ಯಾರೋಟಿನ್ ಪಡೆಯುತ್ತಿದ್ದವರಿಗೆ ಅರ್ಬುದ ಕಡಿಮೆಯಿತ್ತೆಂಬುದೂ ಗಮನಾರ್ಹ.

ಅನೇಕಾಂತ ಇನ್ನೊಂದು ಕಡೆಗೂ ಸಲ್ಲಬೇಕು. ಚೀನದ ಲಿನ್‌ಷಿಯನ್ ಪ್ರಾಂತದ ಜನ ಪೌಷ್ಟಿಕತೆಯ ಕೊರತೆಯುಳ್ಳವರು. ಅಲ್ಲಿ ಬೀಟಾ ಕ್ಯಾರೋಟಿನ್, 'ಇ' ಜೀವಸತ್ವ, ಸೆಲೆನಿಯಮ್‌ಗಳನ್ನು ಸಣ್ಣ ಪ್ರಮಾಣದಲ್ಲಿ ಕೊಟ್ಟಾಗ ಒಟ್ಟು ಮರಣ ಶೇಕಡಾ 9ರಷ್ಟು ಇಳಿಯಿತೆಂದು 1993ರಲ್ಲಿ ವರದಿಯಾಯಿತು. ವೃದ್ಧಾಪ್ಯದಲ್ಲಿ ಅಕ್ಷಿಪಟದ ನಡುಭಾಗ ಸವೆಯುವ ರೋಗ ಮಧ್ಯಮ ಹಂತದಲ್ಲಿದ್ದವರಿಗೆ ನಿರೋಧಕಗಳೂ ಸತುವೂ ಸೇರಿದ ಮಿಶ್ರಣ ರೋಗ ಮುಂದುವರಿಯುವ ಸಂಭವವನ್ನು ಸುಮಾರು ಕಾಲುಭಾಗ ತಗ್ಗಿಸಿತೆಂದು 2001ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. 2013ರ ಮುಂದುವರಿಕೆಯ ನಂತರ ಅದರಲ್ಲಿನ ಬೀಟಾ ಕ್ಯಾರೋಟಿನ್ನಿನ ಬದಲು ಲ್ಯೂಟಿನ್ ಬಂದಿತು. ಕೊರತೆಯಿದ್ದಲ್ಲಿ, ರೋಗ ಗೊತ್ತಾದಲ್ಲಿ, ವೈದ್ಯರು ಹೇಳಿದಲ್ಲಿ ಇದು ಔಷಧವೇ ಸರಿ. ಚೆನ್ನಾಗಿ ಉಂಡವನಿಗೆ ಮಾತ್ರ ಇದರ ಕಥೆ ಬೇರೆ: 35,533 ಗಂಡಸರ ಇನ್ನೊಂದು ಪ್ರಯೋಗದಲ್ಲಿ ದಿನಕ್ಕೆ 400 ಯೂನಿಟ್ 'ಇ' ಜೀವಸತ್ವವನ್ನು ಮಾತ್ರ ಸೇವಿಸಿದ ಗುಂಪಿನಲ್ಲಿ ಪ್ರಾಸ್ಟೇಟ್ ಗ್ರಂಥಿಯ ಅರ್ಬುದ ಶೇಕಡಾ 17ರಷ್ಟು ಹೆಚ್ಚಿದುದು 2011ರಲ್ಲಿ ತಿಳಿಯಿತು.

ಈಗ ಆ ಶ್ರಾವಕಿಯವರ ಪ್ರಶ್ನೆಗೆ ಬರೋಣ. ಕ್ಯಾಪ್ಸೂಲಿನ ಸಿಪ್ಪೆ ಸಾಮಾನ್ಯವಾಗಿ ಜೆಲಟಿನ್. ದನ, ಹಂದಿಗಳ ತೊಗಲು ಮೂಳೆಗಳನ್ನು ಬೇಯಿಸಿ ತೆಗೆದುದು. ಎಣ್ಣೆ ತುಂಬಿದ ಮೆತ್ತನೆಯ 'ಇ' ಕ್ಯಾಪ್ಸೂಲುಗಳಲ್ಲಂತೂ ಬಹುಪಾಲು ಅದೇ. ಸಸ್ಯದ ಸೆಲ್ಯುಲೋಸಿನಿಂದ ಮಾಡಿದವೂ ಈಗ ದೊರೆಯುತ್ತವೆ, ಕೇಳಿ ಪಡೆಯಬೇಕು.

ಇದು ಇಂದಿನ ಪ್ರಶ್ನೆಯೇನೂ ಅಲ್ಲ. ಒಂಬತ್ತನೆಯ ಶತಮಾನದಲ್ಲಿ ಉಗ್ರಾದಿತ್ಯಾಚಾರ್ಯರು 'ಕಲ್ಯಾಣಕಾರಕ'ವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ರಚಿಸಿ, ಮದ್ಯಮಾಂಸಗಳ ನೆರವಿಲ್ಲದೆಯೇ ಚಿಕಿತ್ಸೆ ಸಾಧ್ಯವೆಂದು ತೋರಿದರು. ಅದರ ಹಿತಾಹಿತಾಧ್ಯಾಯವು ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ವೈದ್ಯರೂ ವಿದ್ವಾಂಸರೂ ನೆರೆದ ಸಭೆಯಲ್ಲಿ ಮಾಂಸದ ನಿಷ್ಪ್ರಯೋಜಕತೆಯನ್ನು ಕುರಿತು ಮಾಡಿದ ವಾದ. ನನಗೆ ಮುಖ್ಯವಾಗಿ ಕಾಣುವುದು ಇದು: ಅವರು ಆಗಮದ ಆಜ್ಞೆಯಷ್ಟರಿಂದಲೇ ತೃಪ್ತರಾಗದೆ ವೈದ್ಯರನ್ನು ವೈದ್ಯರಾಗಿಯೇ ಎದುರಿಸಿದರು. ಪೂಜ್ಯಪಾದರ ವೈದ್ಯಗ್ರಂಥವನ್ನು ಹನ್ನೆರಡನೆಯ ಶತಮಾನದಲ್ಲಿ ಕನ್ನಡಕ್ಕೆ ತಂದ ಜಗದ್ದಳ ಸೋಮನಾಥನ ಕೃತಿಯಲ್ಲಿಯೂ ಮದ್ಯಮಾಂಸಗಳಿಗೆ ಎಡೆಯಿಲ್ಲ. ಔಷಧದ ಮೂಲವನ್ನು ಕೇಳುವುದು, ಅದರ ಪ್ರಯೋಜನವನ್ನೂ ಕೇಳುವುದು, ಇವೆರಡೂ ಒಂದೇ ಸಭೆಯಲ್ಲಿ ನಡೆದ ಕಾಲ ಅದು. ನಮ್ಮ ಸಭೆಯಲ್ಲಿ ಮೊದಲನೆಯದನ್ನು ಮಾತ್ರ ಕೇಳಿದೆವು. ಸಿಪ್ಪೆ ಸಸ್ಯದ್ದೇ ಆಗಿದ್ದರೆ ನಾವು ಹಂಚಿಬಿಡುತ್ತಿದ್ದೆವು! ಶಿಬಿರಕ್ಕೆ ಬರುವ ಗಂಡಸರಲ್ಲಿ ಬೀಡಿ ಸೇದುವವರು ಎಷ್ಟೆಂದು ನಮಗೆಲ್ಲ ಗೊತ್ತು.

ಮುಂದಿನ ಸಭೆಯಲ್ಲಿ ಇದನ್ನೆಲ್ಲ ಹೇಳಿದಾಗ ದಾನಿಗಳು ಸ್ವಲ್ಪ ಹೊತ್ತು ಸುಮ್ಮನಿದ್ದರು. ತಾವೇ ಆರು ವರ್ಷಗಳಿಂದ ಆ ಗುಳಿಗೆ ಸೇವಿಸುತ್ತಿರುವುದಾಗಿಯೂ, ಹತ್ತು ವರ್ಷಗಳ ಹಿಂದಿನವರೆಗೆ ಸಿಗರೇಟು ಸೇದುತ್ತಿದ್ದುದಾಗಿಯೂ ಹೇಳಿ, ವೈದ್ಯರನ್ನು ಕಾಣುವೆನೆಂದರು. ಅವರು ತೆಗೆದಿರಿಸಿದ್ದ ಹಣ ಶಿಬಿರದ ಕಣ್ಣಿನ ತಪಾಸಣೆಗೂ ಕನ್ನಡಕಗಳಿಗೂ ವಿನಿಯೋಗವಾಯಿತು.