ಸಾವಿತ್ರಿ ಟೀಚರ್ ಗಂಡನಿಗೆ ಬರೆದ ಮೂರು ಕಾಗದಗಳು

ಅಮ್ಮ ಪ್ರೈಮರಿ ಸ್ಕೂಲ್ ಟೀಚರ್ ಆಗಿದ್ದಳು. ಅವಳ ಶಾಲೆ ಒಂದು ಊರಲ್ಲಿ, ಅಪ್ಪನ ಕೆಲಸ ಇನ್ನೊಂದು ಊರಲ್ಲಿ. ಹಾಗಾಗಿ ವರ್ಷಗಟ್ಟಲೆ ಅವರ ಸಂಸಾರ ನಡೆದದ್ದು ಇನ್‌ಲ್ಯಾಂಡ್ ಲೆಟರುಗಳಲ್ಲೇ. ಅವಳು ರಿಟೈರಾಗಿ, ಆಮೇಲೆ ತೀರಿಕೊಂಡ ಮೇಲೆ ಹಳೇ ಟ್ರಂಕಿನಲ್ಲಿ ಆ ಕಾಗದಗಳು ಸಿಕ್ಕವು. ಗಂಡ ಹೆಂಡತಿ ಕಾಗದ, ಓದಬಹುದೋ ಬಾರದೋ ಅಂತ ಹಿಂಜರಿಯುತ್ತಲೇ ಬಿಡಿಸಿದೆ. ಗುಟ್ಟೂ ಇಲ್ಲ, ಮಣ್ಣೂ ಇಲ್ಲ! ಮಳೆಗಾಳಿಗೆ ಶಾಲೆಯ ಹೆಂಚು ಹಾರಿಹೋದದ್ದು, ಏಳನೇ ಕ್ಲಾಸಿನ ಹುಡುಗಿಯೊಬ್ಬಳನ್ನು ಮದುವೆಗೆಂದು ಬಿಡಿಸಿಕೊಂಡು ಹೋದದ್ದು, ಇವಳು ಅವರ ಮನೆಗೆ ಎರಡು ಸಲ ಹೋಗಿ ಬಂದದ್ದು.. ಬರೀ ಇಂಥವೇ. ಕೊನೆಯಲ್ಲಿ ಮಾತ್ರ ಒಂದು ಸಾಲು, ಹೊತ್ತಿಗೆ ಸರಿಯಾಗಿ ಊಟ ಮಾಡಿ ಅಂತ. ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ನಿರಾಸೆಯೇ ಆಯಿತು.

ಆ ನಿರಾಸೆ ಹೋದದ್ದು ಸಾವಿತ್ರಿಬಾಯಿ ಫುಲೆಯವರ ಕಾಗದಗಳ ಅನುವಾದ ಓದಿದಾಗ. ಅವರು ಗಂಡ ಜ್ಯೋತಿಬಾಗೆ ಮರಾಠಿಯಲ್ಲಿ ಬರೆದ ಮೂರು ಕಾಗದಗಳು ನಮಗೆ ಉಳಿದಿವೆ. 1856, 1868 ಮತ್ತು 1877ನೇ ಇಸವಿಯವು. ಮೂರರಲ್ಲೂ ಹೆಚ್ಚುಕಡಿಮೆ ಅಮ್ಮನ ಕಾಗದದ ಧಾಟಿಯೇ!

ಸಾವಿತ್ರಿಬಾಯಿ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ಒಂದೇ ಚಿತ್ರ. ಶಾಲೆಗೆ ಹೋಗುವ ದಾರಿಯಲ್ಲಿ ಜನ ಸಗಣಿ, ಕೆಸರು ಎಸೆಯುತ್ತಿದ್ದರು, ಅವರು ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡು ಹೋಗುತ್ತಿದ್ದರು ಅನ್ನುವ ಕಥೆ. ನಾನೂ ಅಷ್ಟನ್ನೇ ತಿಳಿದುಕೊಂಡಿದ್ದೆ. ಆದರೆ ಸಗಣಿ ಎಸೆದವರು ಏನು ಮಾಡಿದರು ಅಂತಷ್ಟೇ ಆ ಚಿತ್ರ ಹೇಳುತ್ತೆ, ಟೀಚರಮ್ಮ ಏನು ಮಾಡಿದರು ಅಂತ ಹೇಳೋದಿಲ್ಲ ಅಲ್ವಾ?

ಮೊದಲು ಚಿಕ್ಕದಾಗಿ ಹಿನ್ನೆಲೆ. ಸಾವಿತ್ರಿ ಹುಟ್ಟಿದ್ದು 1831ರ ಜನವರಿ 3ರಂದು, ಸಾತಾರಾ ಜಿಲ್ಲೆಯ ನಾಯಗಾಂವ್‌ನಲ್ಲಿ. 1840ರಲ್ಲಿ ಮದುವೆಯಾದಾಗ ಹುಡುಗಿಗೆ ಒಂಬತ್ತು ವರ್ಷ, ಹುಡುಗನಿಗೆ ಹದಿಮೂರು. ಮದುವೆಯಾಗಿ ಬಂದಾಗ ಅಕ್ಷರ ಗೊತ್ತಿರಲಿಲ್ಲ, ಕಲಿಸಿದ್ದು ಗಂಡನೇ. 1848ರಲ್ಲಿ ಪುಣೆಯ ಬುಧವಾರ ಪೇಟೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾಯಿತು. ಅಲ್ಲಿ ಪಾಠ ಹೇಳಲು ನಿಂತಾಗ ಟೀಚರಿಗೆ ಇನ್ನೂ ಹದಿನೇಳೇ ವರ್ಷ! ಜಾತಿಯವರ ಒತ್ತಡಕ್ಕೆ ಮಣಿದು 1849ರಲ್ಲಿ ಮಾವ ಗೋವಿಂದರಾಯರು ಇಬ್ಬರನ್ನೂ ಮನೆಯಿಂದ ಹೊರಗೆ ಕಳಿಸಿದರು. ಶಾಲೆ ಬಿಡು ಅಂದರೆ ಮನೆಯನ್ನೇ ಬಿಟ್ಟರು. 1854ರಲ್ಲಿ ಅವರ ಕವನ ಸಂಕಲನ 'ಕಾವ್ಯಫುಲೆ' ಬಂತು.

ಅವರ ಶಾಲೆಗಳ ಪಾಠ ಹೇಗಿತ್ತು ಅನ್ನುವುದಕ್ಕೆ ಒಬ್ಬ ಹುಡುಗಿ ಸಾಕು. ಮಾಂಗ್ ಜಾತಿಯ ಮುಕ್ತಾಬಾಯಿ, ಸುಮಾರು ಹದಿನಾಲ್ಕು ವರ್ಷದವಳು, ತನ್ನ ಜನರ ಸಂಕಟದ ಬಗ್ಗೆ ಒಂದು ಪ್ರಬಂಧ ಬರೆದಳು. 1855ರಲ್ಲಿ ಅದು 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ತಲೆಯ ಮೇಲೆ ಸೂರಿಲ್ಲದೆ ಹೆರುವ ತನ್ನ ಜಾತಿಯ ಹೆಂಗಸರ ಪಾಡನ್ನು ಅದರಲ್ಲಿ ಬರೆದಿದ್ದಾಳೆ. ದೊಡ್ಡವರ ಕಟ್ಟಡಗಳ ಅಡಿಪಾಯದಲ್ಲಿ ತನ್ನವರನ್ನು ಹೂಳುತ್ತಿದ್ದ ವಿಷಯವನ್ನೂ ಬಿಟ್ಟಿಲ್ಲ. ಕಾಪಿ ಬರೆಸುವ ಮೇಷ್ಟ್ರುಗಳ ಕೈಯಲ್ಲಿ ಇಂಥ ಹುಡುಗಿ ತಯಾರಾಗೋದಿಲ್ಲ.

ಇನ್ನು ಕಾಗದಗಳಿಗೆ ಬರೋಣ.

ಮೊದಲನೆಯದು 1856ರ ಅಕ್ಟೋಬರಿನದು. ಕಾಯಿಲೆ ಬಿದ್ದು ತವರಿಗೆ ಹೋಗಿದ್ದಾಗ ಬರೆದದ್ದು. ಈಗ ಹುಷಾರಾಗುತ್ತಿದ್ದೇನೆ, ಚಿಂತೆ ಬೇಡ ಅನ್ನುತ್ತಾರೆ. ನಾನಿಲ್ಲದೆ ಫಾತಿಮಾಗೆ ಕೆಲಸ ಜಾಸ್ತಿಯಾಗಿರಬೇಕು, ಆದರೆ ಅವಳು ಗೊಣಗುವವಳಲ್ಲ ಅಂತ ಒಂದು ಮಾತು. ಜ್ವರದಲ್ಲಿ ಮಲಗಿದ್ದರೂ ಟೀಚರಿಗೆ ತನ್ನ ಕೆಲಸ ಇನ್ಯಾರ ತಲೆಗೆ ಬಿತ್ತು ಅನ್ನೋದೇ ಯೋಚನೆ! (ನಮ್ಮಮ್ಮ ಲೀವು ಹಾಕಿದ ದಿನ ಮನೆಯಲ್ಲಿ ಕೂತು ಇದನ್ನೇ ಮಾತಾಡುತ್ತಿದ್ದಳು.)

ಆಮೇಲೆ ಮುಖ್ಯ ವಿಷಯ. ಆರೈಕೆ ಮಾಡುತ್ತಿದ್ದ ಅಣ್ಣನೇ ಒಂದು ದಿನ ಜಗಳಕ್ಕೆ ನಿಂತನಂತೆ. ನೀನೂ ನಿನ್ನ ಗಂಡನೂ ಮಹಾರ್, ಮಾಂಗ್ ಜನರಿಗಾಗಿ ದುಡಿಯುತ್ತೀರಿ, ಜಾತಿಯಿಂದ ಹೊರಗೆ ಹಾಕಿದ್ದು ಸರಿಯಾಗೇ ಇದೆ, ಜಾತಿಯ ಕಟ್ಟು ಪಾಲಿಸಿ ಅಂತ. ತಾಯಿಗೂ ಆ ಮಾತು ಕೇಳಿ ನೋವಾಯಿತು. ಆಗ ಸಾವಿತ್ರಿ ಅಣ್ಣನಿಗೆ ಕೊಟ್ಟ ಉತ್ತರ ಥೇಟ್ ಟೀಚರಿನದು. ದನ, ಆಡುಗಳನ್ನು ಮುದ್ದು ಮಾಡಿ ಸಾಕುತ್ತೀಯ, ನಾಗರ ಪಂಚಮಿ ದಿನ ವಿಷದ ಹಾವಿಗೂ ಹಾಲೆರೆಯುತ್ತೀಯ, ನಿನ್ನ ಹಾಗೇ ಮನುಷ್ಯರಾದ ಮಹಾರ್, ಮಾಂಗ್ ಜನರನ್ನು ಮಾತ್ರ ಮುಟ್ಟುವುದಿಲ್ಲ, ಯಾಕೆ? ಶಾಸ್ತ್ರ ಇಲ್ಲ, ಭಾಷಣ ಇಲ್ಲ. ಎದುರಿಗಿರುವವನ ಮನೆಯಿಂದಲೇ ಉದಾಹರಣೆ ಎತ್ತಿ ಅವನ ಮುಂದೆಯೇ ಇಟ್ಟರು.

ಎರಡನೆಯದು 1868ರ ಆಗಸ್ಟಿನದು, ಅದೂ ನಾಯಗಾಂವ್‌ನಿಂದಲೇ. ಊರೂರು ಸುತ್ತಿ ಪಂಚಾಂಗ ಹೇಳುತ್ತಿದ್ದ ಗಣೇಶ ಅನ್ನುವ ಬ್ರಾಹ್ಮಣ ಯುವಕನಿಗೂ ಸರ್ಜಾ ಅನ್ನುವ ಮಹಾರ್ ಹುಡುಗಿಗೂ ಪ್ರೀತಿ. ಹುಡುಗಿ ಆರು ತಿಂಗಳ ಬಸುರಿ. ಊರವರು ಇಬ್ಬರನ್ನೂ ಹಿಡಿದು, ಬೀದಿಯಲ್ಲಿ ಎಳೆದಾಡಿಕೊಂಡು ಕೊಲ್ಲಲು ಹೊರಟಿದ್ದರು. ಸುದ್ದಿ ತಿಳಿದ ಸಾವಿತ್ರಿ ಓಡಿ ಹೋಗಿ ಅಡ್ಡ ನಿಂತರು. ಕೊಂದರೆ ಬ್ರಿಟಿಷ್ ಕಾನೂನು ಸುಮ್ಮನೆ ಬಿಡೋದಿಲ್ಲ ಅಂತ ಹೆದರಿಸಿದರು. ಕೊನೆಗೆ ಊರು ಬಿಟ್ಟು ಹೋಗಲಿ ಅಂತ ತೀರ್ಮಾನವಾಯಿತು. ಇಷ್ಟೆಲ್ಲ ಬರೆದು, ಇವರನ್ನು ನಿಮ್ಮ ಹತ್ತಿರ ಕಳಿಸುತ್ತಿದ್ದೇನೆ ಅನ್ನುತ್ತಾರೆ. ಕಳಿಸಲೇ ಅಂತ ಕೇಳಿಲ್ಲ ನೋಡಿ! ಬಾಗಿಲು ತೆರೆಯುತ್ತಾರೆ ಅನ್ನುವುದರಲ್ಲಿ ಅವರಿಗೆ ಅನುಮಾನವೇ ಇಲ್ಲ. ಗಂಡನ ಮೇಲೆ ಇಂಥ ನಂಬಿಕೆಗೆ ಬೇರೆ ಯಾವ ಪ್ರೇಮಪತ್ರ ಬೇಕು?

ಮೂರನೆಯದು 1877ರ ಏಪ್ರಿಲಿನದು, ಜುನ್ನರ್ ಕಡೆಯ ಓತೂರಿನಿಂದ. ನಮ್ಮ ಮೈಸೂರು ಸೀಮೆಯ ಹಿರಿಯರು ಧಾತು ಈಶ್ವರ ಬರ ಅಂತ ನೆನೆಯುತ್ತಿದ್ದರಲ್ಲ, ಅದೇ ಬರಗಾಲ. ಅಲ್ಲೂ ದನಕರು ಸಾಯುತ್ತಿದ್ದವು, ಜನ ಊರು ಬಿಡುತ್ತಿದ್ದರು, ಸಾಹುಕಾರರು ಇದೇ ಸಮಯ ಅಂತ ಹಿಂಡುತ್ತಿದ್ದರು. ಗಲಾಟೆಗಳಾಗಿ, ಬರ ಪರಿಹಾರಕ್ಕೆ ದುಡಿಯುತ್ತಿದ್ದ ಐವತ್ತು ಮಂದಿ ಸತ್ಯಶೋಧಕರನ್ನೇ ಹಿಡಿದು ಹಾಕಿದರು. (ಜ್ಯೋತಿಬಾ 1873ರಲ್ಲಿ ಕಟ್ಟಿದ ಸತ್ಯಶೋಧಕ ಸಮಾಜದವರು.) ಕಲೆಕ್ಟರ್ ಮಾತಿಗೆ ಕರೆದಾಗ ಸಾವಿತ್ರಿ ನೇರವಾಗಿ ಕೇಳಿದರು, ಒಳ್ಳೆ ಕೆಲಸ ಮಾಡುವವರ ಮೇಲೆ ಸುಳ್ಳು ಆರೋಪ ಯಾಕೆ, ಬಿಡಿ ಅಂತ. ಕಲೆಕ್ಟರ್ ಬಿಟ್ಟ. ಜೊತೆಗೆ ನಾಲ್ಕು ಗಾಡಿ ಜೋಳವನ್ನೂ ಕಳಿಸಿದ. ಈ ನಾಲ್ಕು ಗಾಡಿಯ ಲೆಕ್ಕ ಕಾಗದದಲ್ಲಿದೆ. ನನಗೆ ತುಂಬಾ ಇಷ್ಟವಾದದ್ದು ಅದೇ. ಗೆದ್ದೆ ಅನ್ನುವ ಜಂಭವಿಲ್ಲ, ಎಷ್ಟು ಜೋಳ ಬಂತು ಅನ್ನುವ ವರದಿ.

ಒಂದು ವಿಷಯ ಗಮನಿಸಿ. ಮೂರು ಕಾಗದಗಳಲ್ಲೂ ಶಾಲೆಯ ಕೋಣೆ ಇಲ್ಲ. ತವರುಮನೆ, ಊರ ಬೀದಿ, ಬರಪೀಡಿತ ಹಳ್ಳಿ. ಆದರೆ ಮೂರು ಕಡೆಯೂ ಮಾತಾಡುತ್ತಿರುವುದು ಟೀಚರೇ. ಮೂರೂ ಕಡೆ ಗಂಡ ಪಕ್ಕದಲ್ಲಿಲ್ಲ. ಹಾಗಾಗಿ 'ಜ್ಯೋತಿಬಾ ಅವರ ಧರ್ಮಪತ್ನಿ, ಗಂಡನ ಕೆಲಸಕ್ಕೆ ಹೆಗಲು ಕೊಟ್ಟವರು' ಅಂತ ಭಾಷಣದಲ್ಲಿ ಹೇಳಿ ಮುಗಿಸುವುದು ನನಗೆ ಸರಿ ಕಾಣೋದಿಲ್ಲ. ಸ್ವತಃ ಜ್ಯೋತಿಬಾ ಹಾಗೆ ಹೇಳಲಿಲ್ಲ. 1882ರಲ್ಲಿ ಹಂಟರ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ, ಆ ಶಾಲೆಯಲ್ಲಿ ತಾನೂ ತನ್ನ ಹೆಂಡತಿಯೂ ಕೂಡಿ ಅನೇಕ ವರ್ಷ ಕೆಲಸ ಮಾಡಿದೆವು ಅಂತಲೇ ದಾಖಲಿಸಿದರು.

ಆ ಜೊತೆ ಮುಗಿದದ್ದು 1890ರ ನವೆಂಬರ್ 28ರಂದು. ದಂಪತಿಗೆ ಸ್ವಂತ ಮಕ್ಕಳಿರಲಿಲ್ಲ, ಬ್ರಾಹ್ಮಣ ವಿಧವೆಯೊಬ್ಬರ ಮಗ ಯಶವಂತನನ್ನು ದತ್ತು ತೆಗೆದುಕೊಂಡಿದ್ದರು. ಶವದ ಮುಂದೆ ಬೆಂಕಿಯ ಮಡಕೆ ಅವನು ಹಿಡಿಯಬಾರದು ಅಂತ ದಾಯಾದಿಗಳು ತಕರಾರು ತೆಗೆದಾಗ ಸಾವಿತ್ರಿ ತಾವೇ ಮಡಕೆ ಹಿಡಿದು ಮುಂದೆ ನಡೆದರು ಅನ್ನುತ್ತಾರೆ. ಅವತ್ತು ಗಂಡನಿಗೆ ಬರೆಯಲು ಕಾಗದವಿರಲಿಲ್ಲ. ಇದ್ದಿದ್ದರೆ ಅದನ್ನೂ ನಾಲ್ಕು ಸಾಲಿನ ವರದಿಯ ಹಾಗೇ ಬರೆಯುತ್ತಿದ್ದರೋ ಏನೋ.

ಗಂಡ ಹೋದ ಮೇಲೂ ಮನೆಯಲ್ಲಿ ಕೂರಲಿಲ್ಲ. 1893ರಲ್ಲಿ ಸಾಸವಡದ ಸತ್ಯಶೋಧಕ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1897ರಲ್ಲಿ ಪುಣೆಗೆ ಪ್ಲೇಗ್ ಬಡಿದಾಗ ಡಾಕ್ಟರಾಗಿದ್ದ ಯಶವಂತನ ಜೊತೆ ರೋಗಿಗಳ ಸೇವೆಗೆ ನಿಂತರು. ಮುಂಢವಾದಲ್ಲಿ ಪ್ಲೇಗ್ ತಗುಲಿದ್ದ ಮಹಾರ್ ಹುಡುಗನೊಬ್ಬನನ್ನು ಬೆನ್ನ ಮೇಲೆ ಹೊತ್ತು ತಂದರು. ಅರವತ್ತಾರು ವರ್ಷದ ಹೆಂಗಸು! ರೋಗ ಅವರಿಗೂ ಅಂಟಿತು. ಮಾರ್ಚ್ 10ರಂದು ತೀರಿಕೊಂಡರು. ಟೀಚರು ರಿಟೈರ್ ಆಗಲೇ ಇಲ್ಲ.

1998ರಲ್ಲಿ ಅವರ ಅಂಚೆಚೀಟಿ ಬಂತು. 2014ರಲ್ಲಿ ಪುಣೆ ವಿಶ್ವವಿದ್ಯಾಲಯಕ್ಕೆ ಅವರ ಹೆಸರಿಟ್ಟರು. ಶಿಥಿಲವಾಗಿದ್ದ ಭಿಡೆ ವಾಡೆಯನ್ನು ಸ್ಮಾರಕ ಕಟ್ಟಲೆಂದು 2023ರ ಡಿಸೆಂಬರಿನಲ್ಲಿ ಕೆಡವಿದರು. ಮೊದಲ ಪಾಠ ನಡೆದ ಗೋಡೆಗಳು ಈಗಿಲ್ಲ. ಕಾಗದಗಳು ಉಳಿದಿವೆ.

ಇಷ್ಟು ಓದಿದ ಮೇಲೆ ಅಮ್ಮನ ಇನ್‌ಲ್ಯಾಂಡ್ ಲೆಟರುಗಳನ್ನು ಮತ್ತೆ ತೆಗೆದೆ. ಏಳನೇ ಕ್ಲಾಸಿನ ಆ ಹುಡುಗಿಯ ವಿಷಯ ಮುಂದಿನ ಕಾಗದದಲ್ಲೂ ಇತ್ತು, ಮೊದಲ ಸಲ ನಾನು ಹಾಗೇ ದಾಟಿಸಿಬಿಟ್ಟಿದ್ದೆ. ಅಮ್ಮ ಮೂರನೇ ಸಲ ಅವರ ಮನೆಗೆ ಹೋಗಿದ್ದಳು. ಅಮ್ಮನನ್ನು ಸಾವಿತ್ರಿಬಾಯಿಗೆ ಹೋಲಿಸುತ್ತಿಲ್ಲ, ಅವಳೇ ಇದ್ದಿದ್ದರೆ ಬೈಯುತ್ತಿದ್ದಳು. ಆದರೆ ಆ ಕಾಗದಗಳಲ್ಲಿ ಏನೂ ಇಲ್ಲ ಅಂತ ಅಂದುಕೊಂಡಿದ್ದೆನಲ್ಲ, ಅದು ನನ್ನ ತಪ್ಪು.

ನಿಮ್ಮ ಮನೆಯಲ್ಲೂ ಟೀಚರ್ ಆಗಿದ್ದ ಅಮ್ಮನದೋ ಅಜ್ಜಿಯದೋ ಇಂಥ ಕಾಗದಗಳಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಒಮ್ಮೆ ಓದಿ.